ಮಗನ ಮ್ಯಾಚು, ಊರಿನ ಮ್ಯಾಚು: ಓದುಗರ ಸ್ಪಂದನ

ಕಳೆದ ತಿಂಗಳು ನೈರೋಬಿಯ ಓದುಗರೊಬ್ಬರು ಬರೆದಿದ್ದ ಸಮಸ್ಯೆ ನೆನಪಿರಬಹುದು. ದಾವಣಗೆರೆಯ ಕುಟುಂಬ. ಗಂಡನ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾರೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಏಳೂವರೆಯ ಐಪಿಎಲ್ ಅಲ್ಲಿ ಸಂಜೆ ಐದಕ್ಕೇ ಶುರು. ರಣಜಿ ಇದ್ದರೆ ಬೆಳಗ್ಗೆ ಏಳಕ್ಕೇ ಗಂಡನ ಕೈಯಲ್ಲಿ ಮೊಬೈಲ್. ಪಕ್ಕದ ಮನೆಯವರು ಊಟಕ್ಕೆ ಕರೆದರೆ ‘ನಾವೇನು ಇಲ್ಲೇ ಇರ್ತೀವಾ’ ಅನ್ನುತ್ತಾರಂತೆ ಗಂಡ. ಹತ್ತು ವರ್ಷದ ಮಗ ಶಾಲೆಯ ಫುಟ್‌ಬಾಲ್ ತಂಡ ಸೇರಿದ್ದಾನೆ. ಅಲ್ಲಿನ ಗೋರ್ ಮಹಿಯಾ ಕ್ಲಬ್ ಅಂದರೆ ಅವನಿಗೆ ಪ್ರಾಣ. ‘ಅದು ನಮಗ್ಯಾಕೆ’ ಅನ್ನುತ್ತಾರೆ ಅಪ್ಪ. ಶನಿವಾರ ಮಧ್ಯಾಹ್ನ ಅವನ ಪಂದ್ಯ. ಅಪ್ಪ ಒಂದಕ್ಕೂ ಹೋಗಿಲ್ಲ. ‘ನಾನು ಹೇಳಬೇಕಾ, ಸುಮ್ನಿರಬೇಕಾ?’ ಎಂಬುದು ಅವರ ಪ್ರಶ್ನೆ.

ಪತ್ರಗಳು ಬಹಳ ಬಂದವು. ಹೆಚ್ಚಿನವರು ಕ್ರಿಕೆಟ್ ಬಗ್ಗೆಯೇ ಬರೆದಿದ್ದಾರೆ. ಪ್ರಶ್ನೆ ಅದಲ್ಲ ಅಂದುಕೊಂಡಿದ್ದೆವು. ಇರಲಿ.

*

ಮೊಬೈಲ್ ನೋಡೋ ಗಂಡ ಕುಡಿಯೋ ಗಂಡನಿಗಿಂತ ವಾಸಿ. ಇದನ್ನೆಲ್ಲ ನಾಲ್ಕು ಜನ ಓದೋ ಹಾಗೆ ಬರೆಯಬೇಕಿತ್ತಾ?

– ಎಸ್.ಎಂ., ತುಮಕೂರು

*

ಬರೆದದ್ದು ಒಳ್ಳೆಯದೇ ಆಯಿತು ಎಂಬುದು ನಮ್ಮ ಅನಿಸಿಕೆ. ಮುಂದಿನದು ಜೊಹಾನ್ಸ್‌ಬರ್ಗ್‌ನಿಂದ.

*

ಮೇಡಂ, ನಿಮ್ಮ ಯಜಮಾನರ ಪರವಾಗಿ ಎರಡು ಮಾತು. 2009ರಲ್ಲಿ ಭಾರತದಲ್ಲಿ ಚುನಾವಣೆ ಅಂತ ಇಡೀ ಐಪಿಎಲ್ಲೇ ಇಲ್ಲಿಗೆ ಬಂತು. ಊರು ಬಿಟ್ಟು ಬಂದವನಿಗೆ ಊರೇ ಹುಡುಕಿಕೊಂಡು ಬಂದಂತಾಯಿತು. ಮೊದಲ ದಿನವೇ ಕೇಪ್‌ಟೌನ್‌ನಲ್ಲಿ ನಮ್ಮ ಆರ್‌ಸಿಬಿಯ ಕುಂಬ್ಳೆ 5 ರನ್ ಕೊಟ್ಟು 5 ವಿಕೆಟ್ ತೆಗೆದರು. ಸೆಂಚೂರಿಯನ್‌ನಲ್ಲಿ ಮನೀಶ್ ಪಾಂಡೆ 114 ಹೊಡೆದು ಔಟಾಗದೆ ಉಳಿದ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ನಮ್ಮ ಹುಡುಗ! ಫೈನಲ್ ವಾಂಡರರ್ಸ್‌ನಲ್ಲಿ. ನಾನು ಕೆಂಪು ಅಂಗಿ ಹಾಕಿಕೊಂಡು ಹೋಗಿದ್ದೆ. ಕುಂಬ್ಳೆ ನಾಲ್ಕು ವಿಕೆಟ್ ತೆಗೆದರೂ 6 ರನ್‌ಗಳಿಂದ ಸೋತೆವು.

ಆಮೇಲೆ 2025ರ ಜೂನ್ 3. ಅಹಮದಾಬಾದ್‌ನಲ್ಲಿ ಗೆದ್ದೆವು. ಎಷ್ಟರಿಂದ? ಅದೇ 6 ರನ್. ಹದಿನೆಂಟನೇ ಸೀಸನ್‌ಗೆ ಮೊದಲ ಕಪ್. ಫ್ಲ್ಯಾಟ್‌ನಲ್ಲಿ ಒಬ್ಬನೇ ಕೂಗಾಡಿದೆ, ಪಕ್ಕದವರು ಬಂದು ಬಾಗಿಲು ಬಡಿದರು. ಮಾರನೇ ದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಆಫೀಸಿನಲ್ಲಿ ಯಾರಿಗೂ ಹಿಂದಿನ ದಿನದ ಖುಷಿಯೂ ಗೊತ್ತಿಲ್ಲ, ಈ ದಿನದ ದುಃಖವೂ ಗೊತ್ತಿಲ್ಲ. ಯಾರ ಹತ್ತಿರ ಹೇಳಿಕೊಳ್ಳೋದು? ಮನೆಯಲ್ಲಾದರೂ ಅವರಿಗೆ ಮಾತಾಡೋಕೆ ಒಬ್ಬರಿರಲಿ. ಒಂದು ಮ್ಯಾಚ್ ಅವರ ಪಕ್ಕದಲ್ಲಿ ಕೂತು ನೋಡಿ.

– ಬಸವನಗುಡಿಯವನು, ಜೊಹಾನ್ಸ್‌ಬರ್ಗ್

*

ಒಂಟಿತನದ ಮಾತು ನಿಜ. ಇಷ್ಟು ಉದ್ದದ ಪತ್ರದಲ್ಲಿ ಮಗನ ಪ್ರಸ್ತಾಪ ಮಾತ್ರ ಬರಲಿಲ್ಲ.

*

ನಾನು ಮೂಡುಬಿದಿರೆಯವ, ಇರೋದು ಲೇಗೋಸ್‌ನಲ್ಲಿ. ಕ್ರಿಕೆಟ್‌ನವರು ಪುಣ್ಯವಂತರು, ನಾಲ್ಕು ಗಂಟೆಯಲ್ಲಿ ಮುಗಿಯುತ್ತೆ. ನಮ್ಮದು ಕಂಬಳ. ಶನಿವಾರ ಬೆಳಗ್ಗೆ ಕರೆಗೆ, ಅಂದರೆ ಕೆಸರಿನ ಓಟದ ದಾರಿಗೆ, ಕೋಣ ಇಳಿದರೆ ಮುಗಿಯೋದು ಭಾನುವಾರ. ಯೂಟ್ಯೂಬ್‌ನಲ್ಲಿ ಲೈವ್ ಬರುತ್ತೆ. ನೈಜೀರಿಯಾ ನಾಲ್ಕೂವರೆ ಗಂಟೆ ಹಿಂದೆ ಇರೋದರಿಂದ ಊರಿನ ನಡುರಾತ್ರಿ ಓಟ ನನಗೆ ಸಂಜೆ ಏಳೂವರೆಗೆ. ಅನುಕೂಲ ಅಲ್ವಾ? ಆದರೆ ಅಷ್ಟೊತ್ತಿಗೆ ಕರೆಂಟ್ ಹೋಗುತ್ತೆ. ಜನರೇಟರ್ ಹಾಕಬೇಕು. ಡೀಸೆಲ್ ಲೆಕ್ಕ ಕೇಳಿದರೆ ನನ್ನ ಹೆಂಡತಿಯೂ ನಿಮಗೆ ಪತ್ರ ಬರೆದಾಳು.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಹಗ್ಗ ಹಿರಿಯ, ನೇಗಿಲು ಹಿರಿಯ, ಈ ಎರಡು ವಿಭಾಗದ ಓಟ ಮಾತ್ರ ನೋಡೋದು. ಅಡ್ಡ ಹಲಗೆ, ಕನೆ ಹಲಗೆ ಆಮೇಲೆ ಯಾವಾಗಲಾದರೂ. ನಿಮ್ಮವರಿಗೂ ಕೊನೆ ಐದು ಓವರ್ ಸಾಕು ಅಂತ ಹೇಳಿ. ಮೊದಲ ಹದಿನೈದು ಓವರ್‌ನಲ್ಲಿ ಆಗೋದೇನಿದೆ?

ಇನ್ನೊಂದು ಮಾತು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡ್‌ನಲ್ಲಿ ಓಡಿದ ವಿಡಿಯೋ ಇದೆಯಲ್ಲ, ಅದನ್ನು ಇಲ್ಲಿನ ಡ್ರೈವರ್‌ಗೆ ತೋರಿಸಿದೆ. ‘ಮನುಷ್ಯ ಕೋಣ ಓಡಿಸ್ತಿದ್ದಾನಾ, ಕೋಣ ಮನುಷ್ಯನನ್ನು ಎಳೀತಿದೆಯಾ?’ ಅಂತ ಕೇಳಿದ. ಅದಕ್ಕೆ ನಾನು ಕೊಟ್ಟ ಉತ್ತರ ಆಫೀಸ್ ಬರುವ ತನಕ ಮುಗಿಯಲಿಲ್ಲ. ಈಗ ಪ್ರತಿ ಸೋಮವಾರ ‘ನಿಮ್ಮ ಕೋಣ ಗೆದ್ದಿತಾ’ ಅಂತ ಅವನೇ ಕೇಳುತ್ತಾನೆ. ಅವನ ತಂಡದ ಫುಟ್‌ಬಾಲ್ ಸ್ಕೋರ್ ನಾನು ಕೇಳುತ್ತೇನೆ, ಅರ್ಥವಾಗದಿದ್ದರೂ. ಕಂಬಳದ ಲಿಂಕ್‌ಗಳನ್ನು ಪತ್ರದ ಜೊತೆ ಕಳಿಸಿದ್ದೇನೆ, ದಯವಿಟ್ಟು ಅವರಿಗೆ ತಲುಪಿಸಿ.

– ಕೆ.ಪಿ., ಲೇಗೋಸ್

*

ಮುಂದಿನ ಪತ್ರವನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಪೂರ್ತಿ ಹಾಕಿದ್ದೇವೆ.

*

ಅಕ್ಕಾ, ನಿಮ್ಮ ಮಗನ ಜಾಗದಲ್ಲಿ ನಾನಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಗದಗಿನವರು. ಅಪ್ಪಾಜಿ ದಾರ್ ಎಸ್ ಸಲಾಮ್‌ನಲ್ಲಿ ಒಂದು ಬಟ್ಟೆ ಮಿಲ್ಲಿನ ಲೆಕ್ಕಪತ್ರ ನೋಡುತ್ತಿದ್ದರು. ಉಪಾಂಗಾದಲ್ಲಿ ಬಾಡಿಗೆ ಮನೆ. ಆಗ ಮೊಬೈಲ್ ಎಲ್ಲಿತ್ತು? ಒಂದು ಶಾರ್ಟ್‌ವೇವ್ ರೇಡಿಯೋ, ಊರಿಂದ ಕಾಕಾ ಕಳಿಸುತ್ತಿದ್ದ ಪೇಪರ್ ಕಟಿಂಗ್. ಕರ್ನಾಟಕ ರಣಜಿ ಗೆದ್ದ ಸುದ್ದಿ ಕೈಗೆ ಸಿಗುವಾಗ ಊರಲ್ಲಿ ಎಲ್ಲರೂ ಅದನ್ನು ಮರೆತಿರುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅವತ್ತು ಹಬ್ಬ. ಧಾರವಾಡದ ಪೇಡೆ ಸಿಗದ ಊರು, ಅದಕ್ಕೇ ಅಪ್ಪಾಜಿ ಮಹಡಿಯವರಿಗೆಲ್ಲ ಸಕ್ಕರೆ ಹಂಚಿ ಬರುತ್ತಿದ್ದರು. ಯಾಕೆ ಅಂತ ಆ ಪಾಪದವರಿಗೆ ಗೊತ್ತೇ ಆಗುತ್ತಿರಲಿಲ್ಲ.

1999ರ ಸೆಪ್ಟೆಂಬರ್. ನಿಮ್ಮ ನೈರೋಬಿಯಲ್ಲೇ ಎಲ್‌ಜಿ ಕಪ್. ಭಾರತ ತಂಡದಲ್ಲಿ ನಮ್ಮ ಗದಗಿನ ಸುನಿಲ್ ಜೋಶಿ. ಗದಗಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಪ್ರಾಕ್ಟೀಸ್‌ಗೆ ಹೋಗಿ ಬರುತ್ತಿದ್ದ ಹುಡುಗ ಆಫ್ರಿಕಾಕ್ಕೆ ಬಂದಿದ್ದಾನೆ ಅಂದರೆ ಅಪ್ಪಾಜಿ ಬಿಡುತ್ತಾರಾ? ಶನಿವಾರ ನಸುಕಿನಲ್ಲೇ ಬಸ್ ಹತ್ತಿದರು. ಅರೂಷಾ ದಾಟಿ, ನಮಾಂಗಾ ಗಡಿಯಲ್ಲಿ ಸಾಲು ನಿಂತು, ಇಡೀ ದಿನದ ದಾರಿ. ಅದೇ ಶನಿವಾರ ನಮ್ಮ ಶಾಲೆಯ ನೆಟ್‌ಬಾಲ್ ಫೈನಲ್ ಇತ್ತು.

ಭಾನುವಾರ ಜಿಮ್ಖಾನಾ ಮೈದಾನದಲ್ಲಿ ಜೋಶಿ ಹಾಕಿದ್ದು 10 ಓವರ್. 6 ಮೇಡನ್, 6 ರನ್, 5 ವಿಕೆಟ್. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. ಆ ಟೂರ್ನಿಗೇ ಹೊಸದಾಗಿ ತಂಡಕ್ಕೆ ಬಂದಿದ್ದ ನಮ್ಮ ವಿಜಯ್ ಭಾರದ್ವಾಜ್ ಕೊನೆಗೆ ಸರಣಿ ಶ್ರೇಷ್ಠ. ಅಪ್ಪಾಜಿ ಬಂದವರೇ ಅಡುಗೆಮನೆಯಲ್ಲಿ ಲಟ್ಟಣಿಗೆ ಹಿಡಿದು ಒಂದೊಂದು ವಿಕೆಟನ್ನೂ ಮಾಡಿ ತೋರಿಸಿದರು. ಅಮ್ಮ ನಕ್ಕಳು, ನಾನೂ ನಕ್ಕೆ. ನಿಮ್ಮ ಫೈನಲ್ ಏನಾಯಿತು ಅಂತ ಅವರು ಕೇಳಲಿಲ್ಲ. ನಾವು ಗೆದ್ದಿದ್ದೆವು. ನೋಡೋಕೆ ಬಂದವರು ನಮ್ಮ ಗೇಟಿನ ಕಾವಲುಗಾರ ಅಜ್ಜ. ದಿನಾ ಶಾಲೆಗೆ ಹೋಗುವಾಗ ಅವರಿಗೆ ‘ಶಿಕಮೂ’ ಅನ್ನುತ್ತಿದ್ದೆ, ಅವರು ‘ಮರಹಬಾ’ ಅನ್ನುತ್ತಿದ್ದರು. ಅಲ್ಲಿ ಮಕ್ಕಳು ದೊಡ್ಡವರಿಗೆ ಹಾಗೆ ನಮಸ್ಕಾರ ಹೇಳಬೇಕು. ಅಷ್ಟೇ ಪರಿಚಯ.

ಅಪ್ಪಾಜಿ ಕೆಟ್ಟವರಲ್ಲ. ಫೀಜು, ಪುಸ್ತಕ, ಜ್ವರ ಬಂದರೆ ರಾತ್ರಿಯೆಲ್ಲ ಎದ್ದಿರೋದು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಹಾಗಂತ ಸಿಟ್ಟಿಲ್ಲ ಅಂದರೆ ಸುಳ್ಳು ಹೇಳಿದಂತಾಗುತ್ತೆ.

ಈಗ ನಿವೃತ್ತಿಯಾಗಿ ಗದಗಿನಲ್ಲಿದ್ದಾರೆ. ಮೊಬೈಲ್‌ನಲ್ಲಿ ಏನು ನೋಡುತ್ತಾರೆ ಗೊತ್ತಾ? ಯಾಂಗಾ! ದಾರ್‌ನ ಫುಟ್‌ಬಾಲ್ ಕ್ಲಬ್. ಅಲ್ಲಿದ್ದಷ್ಟು ವರ್ಷ ಯಾಂಗಾ–ಸಿಂಬಾ ಪಂದ್ಯಕ್ಕೆ ಊರೇ ಎರಡಾಗುತ್ತಿದ್ದರೂ ತಲೆ ಎತ್ತಿ ನೋಡಿದವರಲ್ಲ. ಈಗ ಸಿಂಬಾ ಜೊತೆ ಪಂದ್ಯ ಇದ್ದ ದಿನ ಹಸಿರು–ಹಳದಿ ಅಂಗಿ ಹಾಕಿಕೊಂಡು ತೋಂಟದಾರ್ಯ ಮಠದ ಕಡೆ ವಾಕಿಂಗ್ ಹೋಗುತ್ತಾರೆ. 2023ರಲ್ಲಿ ಯಾಂಗಾ ಆಫ್ರಿಕಾದ ಕಾನ್ಫೆಡರೇಷನ್ ಕಪ್ ಫೈನಲ್ ತನಕ ಹೋಯಿತು. ಅಲ್ಜೀರಿಯಾದ ತಂಡದ ಜೊತೆ ಎರಡು ಪಂದ್ಯ ಸೇರಿ 2–2 ಆಗಿ, ಎದುರಾಳಿ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಕಪ್ ಕೈತಪ್ಪಿತು. ಮನೆಯಲ್ಲಿ ಯಾರ ಜೊತೆಯೂ ಮಾತಿಲ್ಲ. ಯಾಂಗಾದ ಹನ್ನೊಂದೂ ಜನರ ಹೆಸರು ಅವರಿಗೆ ಬಾಯಿಪಾಠ. ನಾನು ಯಾವ ಜಾಗದಲ್ಲಿ ಆಡುತ್ತಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ. ಗೋಲ್ ಡಿಫೆನ್ಸ್.

ಹೇಳಬೇಕಾ, ಸುಮ್ನಿರಬೇಕಾ ಅಂತ ಕೇಳಿದ್ದೀರಿ. ನೀವು ಹೇಳಬೇಡಿ ಅಕ್ಕಾ. ಅಮ್ಮ ನನ್ನ ಪರವಾಗಿ ಎಷ್ಟೋ ಸಲ ಹೇಳಿದಳು. ಪ್ರತಿ ಸಲವೂ ಅದು ಗಂಡ ಹೆಂಡಿರ ಜಗಳವಾಗಿ ಎಲ್ಲೆಲ್ಲಿಗೋ ಹೋಯಿತು. ನೆಟ್‌ಬಾಲ್ ಮಾತೇ ಉಳಿಯಲಿಲ್ಲ. ಹುಡುಗನೇ ಎದುರು ನಿಂತು ‘ಶನಿವಾರ ಬಾ ಅಪ್ಪಾ’ ಅನ್ನಲಿ. ನನ್ನ ಬಾಯಿಂದ ಆ ಮಾತು ಬರಲೇ ಇಲ್ಲ. ಬಂದಿದ್ದರೆ ನಮ್ಮ ಅಪ್ಪಾಜಿ ಇಲ್ಲ ಅನ್ನುತ್ತಿರಲಿಲ್ಲವೇನೋ.

– ಹೆಸರು ಬೇಡ, ಧಾರವಾಡ

*

ಹೆಸರು ಹಾಕಿಲ್ಲ. ವಿರಾಜಪೇಟೆಯ ಹಿರಿಯರೊಬ್ಬರು ಬೇರೆಯದೇ ದಾರಿ ತೋರಿಸಿದ್ದಾರೆ.

*

ನೈರೋಬಿಯಲ್ಲಿ ಬಹಳ ಕಾಲ ಇದ್ದವನು ನಾನು. ಗಂಡ ಹೆಂಡತಿ ವಿಷಯಕ್ಕೆ ನಾನು ಬರುವುದಿಲ್ಲ. ಆದರೆ ಆ ಊರಲ್ಲಿ ಕೂತು ಮೊಬೈಲ್‌ನಲ್ಲಿ ಆಟ ನೋಡುತ್ತಾರೆ ಅಂದರೆ ನನಗೆ ತಡೆಯಲಾಗುವುದಿಲ್ಲ. ಸಿಟಿ ಪಾರ್ಕ್ ಹಾಕಿ ಮೈದಾನ ಇದೆ, ಒಮ್ಮೆ ಹೋಗಿ ನೋಡಲಿ. ಒಂದು ಕಾಲಕ್ಕೆ ಕೀನ್ಯಾ ಹಾಕಿ ತಂಡ ಅಂದರೆ ಬಹುಪಾಲು ಅಲ್ಲೇ ನೆಲೆಸಿದ ಪಂಜಾಬಿಗಳು, ಗೋವಾದವರು. 1964ರ ಒಲಿಂಪಿಕ್ಸ್‌ನಲ್ಲಿ 6ನೇ ಸ್ಥಾನ. 1971ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ 4ನೇ ಸ್ಥಾನ. ಮೂರನೇ ಸ್ಥಾನಕ್ಕೆ ಅವರನ್ನು 2–1ರಿಂದ ಸೋಲಿಸಿದ್ದು ಭಾರತ. ಆ ಭಾರತ ತಂಡದಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್ ಇದ್ದರು. ಕೀನ್ಯಾಕ್ಕೆ ನಾಲ್ಕು ಒಲಿಂಪಿಕ್ಸ್ ಆಡಿದ ಅವತಾರ್ ಸಿಂಗ್ ಸೋಹಲ್ ಹೆಸರು ಅಲ್ಲಿನ ಹಳಬರಿಗೆ ಈಗಲೂ ಗೊತ್ತು. ಅವರು ಯಾರೂ ‘ನಾವೇನು ಇಲ್ಲೇ ಇರ್ತೀವಾ’ ಅಂತ ಕೂರಲಿಲ್ಲ.

ನಮ್ಮ ಕೊಡವ ಹಾಕಿ ನಮ್ಮೆ (ಹಬ್ಬ) 1997ರಲ್ಲಿ ಕರಡದಲ್ಲಿ ಶುರುವಾಯಿತು. ಒಂದು ಮನೆತನಕ್ಕೆ ಒಂದು ತಂಡ. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡಬಹುದು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆಯಾಯಿತು. ನಮ್ಮ ಮನೆಯವರು ಮೊದಲ ಸುತ್ತಿಗೇ ಮನೆಗೆ ಬರುವುದು ರೂಢಿ. ಆದರೂ ಆಡಿ ಬರುತ್ತಾರೆ. ನಿಮ್ಮವರಿಗೆ ಕ್ರಿಕೆಟ್ ಬೇಕಾ? ಆಡಲಿ. ನೈರೋಬಿಯಲ್ಲಿ ಭಾನುವಾರ ಕ್ಲಬ್ ಕ್ರಿಕೆಟ್ ಇರುತ್ತೆ. ಸಂಜೆ ಮೈಕೈ ನೋವು ಬಂದರೆ ಮೊಬೈಲ್ ನೆನಪಾಗುವುದಿಲ್ಲ.

– ನಿವೃತ್ತರು, ವಿರಾಜಪೇಟೆ

*

ಭಾನುವಾರಕ್ಕೆ ಇದು ಒಳ್ಳೆಯ ಸಲಹೆ. ಮಗನ ಪಂದ್ಯ ಶನಿವಾರ. ನೈರೋಬಿಯವರೇ ಒಬ್ಬರು ಆ ಶನಿವಾರದ ಬಗ್ಗೆಯೇ ಬರೆದಿದ್ದಾರೆ.

*

ನಾನೂ ನೈರೋಬಿಯವಳೇ, ಪಾರ್ಕ್‌ಲ್ಯಾಂಡ್ಸ್‌ನಲ್ಲಿದ್ದೇನೆ. ನಿಮ್ಮ ಪತ್ರದಲ್ಲಿ ಗಂಡನ ಆಟ ಇದೆ, ಮಗನ ಆಟ ಇದೆ. ನೀವು ದಿನವಿಡೀ ಏನು ಮಾಡ್ತೀರಿ ಅಂತ ಒಂದು ಸಾಲೂ ಇಲ್ಲ. ನನಗೆ ಅದೇ ಚಿಂತೆಯಾಯಿತು.

ಶನಿವಾರ ನೀವು ಹೋಗಿ. ‘ಬರ್ತೀರಾ’ ಅಂತ ಅವರನ್ನು ಒಂದು ಸಲ ಕೇಳಿ, ಬರದಿದ್ದರೆ ಬಿಡಿ. ಫ್ಲಾಸ್ಕ್‌ನಲ್ಲಿ ಚಹಾ ತಗೊಂಡು ಹೋಗಿ. ಗೆರೆ ಪಕ್ಕ ನಿಂತ ಅಮ್ಮಂದಿರ ಜೊತೆ ಚಹಾ ಕುಡಿದರೆ ಆ ವಾರಕ್ಕೇ ಎರಡು ಮನೆಯ ಪರಿಚಯ ಆಗುತ್ತೆ. ನನಗೆ ಇಲ್ಲಿ ಒಳ್ಳೆ ದಂತವೈದ್ಯರು, ಸ್ವಾಹಿಲಿ ಕಲಿಸೋ ಟೀಚರ್, ಟೊಮೆಟೊ ಮನೆಗೆ ತಂದುಕೊಡೋ ಮಾಮಾ (ಇಲ್ಲಿ ಹೆಂಗಸರನ್ನು ಹಾಗೆ ಕರೀತಾರೆ) ಸಿಕ್ಕಿದ್ದು ಹಾಗೇ. ಕರಿಬೇವು ಡೈಮಂಡ್ ಪ್ಲಾಜಾದಲ್ಲಿದೆ. ರಾಗಿ ಹಿಟ್ಟನ್ನು ಊರಿಂದ ಹೊತ್ತು ತರಬೇಡಿ, ಸೂಪರ್ ಮಾರ್ಕೆಟ್‌ನಲ್ಲಿ ‘ವಿಂಬಿ’ ಅಂತ ಕೇಳಿ. ಮುದ್ದೆ ಚೆನ್ನಾಗೇ ಬರುತ್ತೆ. ಮಾಡಿದ ದಿನ ಆ ಪಕ್ಕದ ಮನೆಯವರನ್ನು ನೀವೇ ಕರೀರಿ. ದಿನಾ ಮೆಕ್ಕೆಜೋಳದ ಉಗಾಲಿ ತಿನ್ನೋರಿಗೆ ಮುದ್ದೆ ಹೊಸದಲ್ಲ.

– ವಿ., ನೈರೋಬಿ

*

ಈ ಪತ್ರ ಮೊದಲೇ ಬಂದಿದ್ದರೆ ಮೇಲೆ ಹಾಕುತ್ತಿದ್ದೆವು. ಕೊನೆಯದಾಗಿ ಬೆಂಗಳೂರಿನ ಆಸ್ಟಿನ್ ಟೌನ್‌ನಿಂದ ಬಂದ ಚೀಟಿ.

*

ಹುಡುಗನಿಗೆ ಹೇಳಿ: ಗೋರ್ ಮಹಿಯಾ 1987ರಲ್ಲೇ ಆಫ್ರಿಕನ್ ಕಪ್ ವಿನ್ನರ್ಸ್ ಕಪ್ ಗೆದ್ದಿದೆ. ಆರ್‌ಸಿಬಿ ಗಂಡಸರ ಮೊದಲ ಕಪ್ 2025. ಅಪ್ಪನ ಎದುರು ವಾದಕ್ಕೆ ಇಷ್ಟು ಸಾಕು.

– ಫುಟ್‌ಬಾಲ್‌ನವನು

*

ಚರ್ಚೆಯನ್ನು ಇಲ್ಲಿಗೆ ಮುಗಿಸುತ್ತಿದ್ದೇವೆ. ಬಂದ ಎಲ್ಲ ಪತ್ರಗಳನ್ನೂ ನೈರೋಬಿಗೆ ಕಳಿಸಿದ್ದೇವೆ. ಧಾರವಾಡದ ಪತ್ರವನ್ನು ಯಜಮಾನರ ಕೈಗೂ ಕೊಡಿ ಎಂದು ಕೇಳಿಕೊಂಡಿದ್ದೇವೆ. ಲೇಗೋಸ್ ಓದುಗರು ಕ್ಷಮಿಸಬೇಕು, ಆ ಮನೆಯಲ್ಲಿ ಈಗಿರುವ ಮ್ಯಾಚುಗಳೇ ಸಾಕು ಅನ್ನಿಸಿ ಕಂಬಳದ ಲಿಂಕ್‌ಗಳನ್ನು ಮಾತ್ರ ಕಳಿಸಿಲ್ಲ.