‘ತಂಡ ಕಟ್ಟುವ ಆಟ’ ಸರಿಯೇ? ಕಂಪನಿ ಕೂಟದ ಆಟಗಳಿಗೆ ಕನ್ನಡ ಪದಗಳು ಬೇಕಾಗಿವೆ

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ) ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ಮುಂದಿನ ತಿಂಗಳು ನಮ್ಮ ಕೆಲಸಗಾರರು, ಸೂಪರ್‌ವೈಸರ್‌ಗಳು, ಮಾರಾಟದವರು, ಹೊರ ಊರಿನ ವಿತರಕರು ಎಲ್ಲರೂ ಒಂದು ದಿನ ಒಂದೇ ಹಾಲ್‌ನಲ್ಲಿ ಸೇರುತ್ತಾರೆ. ಬೆಳಿಗ್ಗೆ ಭಾಷಣ, ಮಧ್ಯಾಹ್ನ ಆಟ. ‘ಟೀಮ್ ಬಿಲ್ಡಿಂಗ್ ಗೇಮ್ಸ್’ ಅಂತಾರಲ್ಲ, ಅವು. ಆಟದ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಮರಾಠಿ ಹಾಳೆಯನ್ನು ಇನ್ನೊಬ್ಬರು ನೋಡಿಕೊಳ್ಳುತ್ತಿದ್ದಾರೆ.

ತೊಡಕು ಶುರುವಾಗಿದ್ದು ತಲೆಬರಹದಲ್ಲೇ. ಆಟ ನಡೆಸಿಕೊಡುವ ಸಂಸ್ಥೆಯವರು ಕಳಿಸಿದ ಪೋಸ್ಟರ್‌ನಲ್ಲಿ ‘ತಂಡ ಕಟ್ಟುವ ಆಟಗಳು’ ಎಂದಿತ್ತು. ಅದನ್ನು ಗೇಟಿನ ಹತ್ತಿರದ ಬೋರ್ಡಿಗೆ ಅಂಟಿಸಿದ ದಿನವೇ ಫೆಟ್ಲಿಂಗ್ ವಿಭಾಗದ (ಎರಕದ ಒರಟು ಅಂಚು ತೆಗೆದು ನಯ ಮಾಡುವ ಕಡೆಯ) ಹಿರಿಯರೊಬ್ಬರು ಬಂದರು. ‘ಹೊಸಾ ತಂಡ ಕಟ್ಟಾಕತ್ತಾರಂತಲ್ರಿ ಸರ, ನಮ್ಮ ಗ್ಯಾಂಗ್ ಒಡೀತಾರೇನು? ಪಾಳಿನೂ ಬದಲಾಗತೈತೇನ್ರಿ?’ ಅಂತ ಕೇಳಿದರು. ಅವರ ಹಿಂದೆ ಇನ್ನಿಬ್ಬರು ನಿಂತಿದ್ದರು. ಕೈಗವಸು ಕೂಡ ತೆಗೆಯದೆ ಕೆಲಸದ ನಡುವೆ ಎದ್ದು ಬಂದಿದ್ದರು.

ಅವರು ಓದಿಕೊಂಡಿದ್ದು ಸರಿಯಾಗೇ ಇದೆ. ಕನ್ನಡದಲ್ಲಿ ತಂಡ ಕಟ್ಟುವುದು ಅಂದರೆ ಇಲ್ಲದ ತಂಡವನ್ನು ಹೊಸದಾಗಿ ಮಾಡುವುದು. ನಾಟಕ ಕಂಪನಿ ಕಟ್ಟಿದರು, ಸಂಘ ಕಟ್ಟಿದರು, ಪಕ್ಷ ಕಟ್ಟಿದರು ಅನ್ನುತ್ತೇವೆ. ಎಲ್ಲವೂ ಶುರುವಿನ ಮಾತು. ಆಮೇಲಿನ ದುಡಿಮೆಯನ್ನೂ ಹೇಳಬೇಕಾದರೆ ‘ಕಟ್ಟಿ ಬೆಳೆಸಿದರು’ ಎಂದು ಇನ್ನೊಂದು ಕ್ರಿಯಾಪದ ಸೇರಿಸುತ್ತೇವೆ. ‘ನಾಡು ಕಟ್ಟೋಣ’ ಅಂದಾಗ ಇರುವ ನಾಡನ್ನೇ ಚೆನ್ನಾಗಿ ಮಾಡೋಣ ಅನ್ನುವ ಅರ್ಥ ಇದೆ ಅಲ್ವಾ ಎಂದು ಯಾರಾದರೂ ಕೇಳಬಹುದು. ಇದೆ. ಆದರೆ ಅದು ವೇದಿಕೆಯ ಮಾತು. ಪಾಳಿಯ ಪಟ್ಟಿ ಅಂಟಿಸುವ ಬೋರ್ಡಿನ ಮೇಲೆ ಆ ಅರ್ಥ ಹೊಳೆಯುವುದಿಲ್ಲ.

ತಂಡಗಳ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಬರೆದದ್ದು ಇಲ್ಲಿ ನೆನಪಿಗೆ ಬರುತ್ತದೆ. ತಂಡಕ್ಕೆ 4 ಹಂತ ಅಂದರು ಅವರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೊದಲು ಕೂಡುವುದು, ಆಮೇಲೆ ಜಟಾಪಟಿ, ಆಮೇಲೆ ಒಬ್ಬರಿಗೊಬ್ಬರು ಒಗ್ಗುವುದು, ಕೊನೆಗೆ ಕೆಲಸ ಸಲೀಸಾಗುವುದು. 1977ರಲ್ಲಿ ಚದುರುವುದು ಎಂಬ ಐದನೆಯದೂ ಸೇರಿತು. ‘ಕಟ್ಟು’ ಅನ್ನುವುದು ಮೊದಲ ಹಂತಕ್ಕೆ ಮಾತ್ರ ಹೊಂದುತ್ತದೆ. ನಮ್ಮ ಆಟಗಳು ಇರುವುದು ಎರಡರಿಂದ ಮೂರಕ್ಕೆ ದಾಟಿಸಲು. ಎರಕದ ಅಚ್ಚು ಮಾಡುವ ಮೋಲ್ಡಿಂಗ್‌ನವರು, ಫೆಟ್ಲಿಂಗ್‌ನವರು ವರ್ಷಗಟ್ಟಲೆ ಒಂದೇ ಶೆಡ್ಡಿನಲ್ಲಿ ಇದ್ದಾರೆ. ಎರಕದಲ್ಲಿ ದೋಷ ಬಂದರೆ ತಪ್ಪನ್ನು ಅವರು ಇವರ ಮೇಲೆ, ಇವರು ಅವರ ಮೇಲೆ ಹಾಕುತ್ತಾರೆ. ಕಟ್ಟುವುದು ಏನೂ ಬಾಕಿ ಇಲ್ಲ, ಒಗ್ಗುವುದು ಬಾಕಿ ಇದೆ.

ಹಾಗಾದರೆ ಯಾವ ಪದ? ‘ಹೊಂದಾಣಿಕೆಯ ಆಟ’ ಬೇಡ ಅನಿಸಿತು. ಪತ್ರಿಕೆಗಳಲ್ಲಿ ಹೊಂದಾಣಿಕೆ ಅಂದರೆ ರಾಜಕಾರಣದ ಒಳ ಒಪ್ಪಂದ. ಮನೆಯಲ್ಲಿ ‘ಹೊಂದಿಕೊಂಡು ಹೋಗು’ ಅಂದರೆ ಒಬ್ಬರೇ ಬಗ್ಗಬೇಕು, ಅದೂ ಸಾಮಾನ್ಯವಾಗಿ ಸೊಸೆ. ‘ಒಗ್ಗಟ್ಟು’ ಒಳ್ಳೇ ಪದ. ಆದರೆ ಕಾರ್ಖಾನೆಯ ಗೇಟಿನಲ್ಲಿ ಅದು ಯೂನಿಯನ್ನಿನ ಪದ. ಅದರ ಹಿಂದೆ ಹೋರಾಟದ ಚರಿತ್ರೆ ಇದೆ. ಕಂಪನಿ ಅದನ್ನು ಎರವಲು ಪಡೆದು ಆಟದ ತಲೆಬರಹ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಮನಸ್ಸು ನಿಂತಿರುವುದು ‘ಒಡನಾಟ’ದ ಮೇಲೆ. ಒಡನೆ ಆಡುವುದೇ ಒಡನಾಟ, ಆಟ ಅದರ ಒಳಗೇ ಇದೆ. ಬಳಕೆಯಲ್ಲಿ ಅದರ ಅರ್ಥ ಒಟ್ಟಿಗಿದ್ದು, ಮಾತಾಡಿ, ಜಗಳಾಡಿ ಬೆಳೆದ ಸಲಿಗೆ. ಒಂದೇ ದಿನದಲ್ಲಿ ಅದು ಬರುವುದಿಲ್ಲ ಎಂಬ ಪ್ರಾಮಾಣಿಕತೆಯೂ ಪದದಲ್ಲಿದೆ. ‘ಒಡನಾಟದ ಆಟಗಳು’ ಅಂದರೆ ಹೇಗೆ? ಆಟ ಎರಡು ಸಲ ಬಂದು ಕಿವಿಗೆ ತೊಡಕಾಗುತ್ತದೆಯೇ? ‘ಕೂಡಿ ಆಡೋಣ’ ಅಂತ ಬಿಟ್ಟರೂ ಆದೀತು. ನಮ್ಮ ಕಡೆ ಮಕ್ಕಳು ಲಗೋರಿಗೆ ಕರೆಯುವುದೇ ಹಾಗೆ.

‘ಕನ್ವೆನ್ಷನ್’ಗೆ ಏನು ಹೇಳುವುದು ಅನ್ನುವುದೂ ಬೆಳಗಾವಿಯಲ್ಲಿ ಸುಲಭ ಅಲ್ಲ. ‘ಅಧಿವೇಶನ’ ಅಂದರೆ ಇಲ್ಲಿ 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ, ಇಲ್ಲವೇ ಸುವರ್ಣ ವಿಧಾನಸೌಧದ ಚಳಿಗಾಲದ್ದು. ‘ಸಮ್ಮೇಳನ’ ಅಂದರೆ ಸಾಹಿತ್ಯ. 2011ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಇದೇ ಊರಲ್ಲಿ. ‘ಸಮಾವೇಶ’ ಅಂದ ಕೂಡಲೇ ಪಕ್ಷದ ಬಾವುಟ, ಟ್ರ್ಯಾಕ್ಟರ್ ಕಣ್ಣಿಗೆ ಬರುತ್ತವೆ. ಹಾಗಾಗಿ ಸುಮ್ನೆ ‘ಕೂಟ’ ಎಂದು ಬರೆದಿದ್ದೇನೆ. ಅದರ ಬಗ್ಗೆ ನನಗೆ ಅನುಮಾನ ಇಲ್ಲ.

‘ಇಂಟರಾಕ್ಟಿವ್’ ಅನ್ನುವುದನ್ನು ಕೈಬಿಟ್ಟಿದ್ದೇನೆ. ‘ಸಂವಾದಾತ್ಮಕ ಆಟ’ ಅಂದರೆ ಜನ ಪ್ರಶ್ನೋತ್ತರ ಅಂದುಕೊಳ್ಳುತ್ತಾರೆ. ಆಟ ಅಂದಮೇಲೆ ಎಲ್ಲರೂ ಕೈಹಾಕಲೇಬೇಕಲ್ಲ.

‘ಐಸ್ ಬ್ರೇಕರ್’ಗೆ ಪೋಸ್ಟರ್‌ನಲ್ಲಿ ‘ಮಂಜು ಒಡೆಯುವ ಚಟುವಟಿಕೆ’ ಎಂದಿದೆ. ಅದನ್ನು ತೆಗೆಸುತ್ತೇನೆ. ನಮ್ಮಲ್ಲಿ ಸಂಕೋಚ ಬಿಡುವುದಕ್ಕೆ ‘ಮೈಚಳಿ ಬಿಡು’ ಎಂಬ ಮಾತೇ ಇದೆ. ‘ಮೈಚಳಿ ಬಿಡಿಸುವ ಆಟ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ವೃತ್ತವಾಗಿ ನಿಂತು, ಎದುರಿನ ಇಬ್ಬರ ಕೈ ಹಿಡಿದು, ಬಿಡದೆ ಗಂಟು ಬಿಡಿಸಿಕೊಳ್ಳುವ ಆಟವನ್ನು ಮೊದಲು ಇಟ್ಟಿದ್ದೇವೆ. ಅದಕ್ಕೆ ‘ಕೈಗಂಟು’ ಎಂದು ಹೆಸರಿಟ್ಟೆ. ಹೆಂಗಸರು ಗಂಡಸರು ಒಬ್ಬರ ಕೈ ಒಬ್ಬರು ಹಿಡಿಯಲು ಹಿಂಜರಿದರೆ ನಡುವೆ ಕರವಸ್ತ್ರ ಹಿಡಿಯಿರಿ ಎಂದೂ ಸೂಚನೆಯಲ್ಲಿ ಬರೆದಿದ್ದೇನೆ.

ಮಾರ್ಷ್‌ಮ್ಯಾಲೋ ಆಟದ ಹೆಸರನ್ನು ಹಾಗೇ ಉಳಿಸಿಕೊಂಡಿದ್ದೇನೆ. ಒಣ ಸ್ಪಗೆಟಿಯ (ಉದ್ದ ಶ್ಯಾವಿಗೆಯಂಥದ್ದು) 20 ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಬಿಳೀ ಮೆತ್ತನೆಯ ಒಂದು ಮಿಠಾಯಿ, 18 ನಿಮಿಷ. ಮಿಠಾಯಿ ತುದಿಯಲ್ಲಿ ನಿಲ್ಲುವ ಹಾಗೆ ಎಲ್ಲರಿಗಿಂತ ಎತ್ತರದ ಗೋಪುರ ಕಟ್ಟಬೇಕು. ಬಿಸಿನೆಸ್ ಕಾಲೇಜಿನವರಿಗಿಂತ ಶಿಶುವಿಹಾರದ ಮಕ್ಕಳೇ ಇದರಲ್ಲಿ ಮುಂದೆ ಎಂದು ವಿನ್ಯಾಸ ಕ್ಷೇತ್ರದ ಟಾಮ್ ವುಜೆಕ್ 2010ರ ಟೆಡ್ ಭಾಷಣದಲ್ಲಿ ಹೇಳಿದ್ದು ಪ್ರಸಿದ್ಧ. ದೊಡ್ಡವರು ಮಿಠಾಯಿಯನ್ನು ಕೊನೇ ಗಳಿಗೆಗೆ ಇಡುತ್ತಾರೆ, ಗೋಪುರ ಕುಸಿಯುತ್ತದೆ. ಮಕ್ಕಳು ಮೊದಲಿನಿಂದಲೇ ಇಟ್ಟು ಇಟ್ಟು ನೋಡುತ್ತಾರೆ. ಇದಕ್ಕೆ ‘ಪ್ರೋಟೋಟೈಪ್’, ‘ಮೂಲಮಾದರಿ’ ಯಾವುದೂ ಬೇಕಿಲ್ಲ. ‘ಇಟ್ಟು ನೋಡಿ’ ಸಾಕು.

ನಿಜವಾಗಿ ನಿಮ್ಮ ಸಹಾಯ ಬೇಕಿರುವುದು ಹಗ್ಗ ಜಗ್ಗಾಟದ ಹಾಳೆಗೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಹಗ್ಗಕ್ಕೆ ಜನ ಹೆಚ್ಚಿದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆ ಆಗುತ್ತದೆ. ಜಗ್ಗುವ ತಾಳ ತಪ್ಪುವುದು ಒಂದು ಕಾರಣ. 1974ರಲ್ಲಿ ಇಂಗಮ್ ಎಂಬ ಸಂಶೋಧಕ ಮತ್ತು ಜೊತೆಗಾರರು ಇನ್ನೂ ಬಿಡಿಸಿ ನೋಡಿದರು. ಕಣ್ಣು ಕಟ್ಟಿ, ಹಿಂದೆ ಬೇರೆಯವರೂ ಜಗ್ಗುತ್ತಿದ್ದಾರೆ ಎಂದು ನಂಬಿಸಿದರು. ಜಗ್ಗುತ್ತಿದ್ದವನು ಒಬ್ಬನೇ ಆದರೂ ಅವನ ಬಲ ಇಳಿಯಿತು. 1979ರಲ್ಲಿ ಇದಕ್ಕೆ ‘ಸೋಶಿಯಲ್ ಲೋಫಿಂಗ್’ ಎಂದು ಹೆಸರಾಯಿತು. ಕನ್ನಡದಲ್ಲಿ ತಟ್ಟನೆ ಬರುವುದು ‘ಮೈಗಳ್ಳತನ’. ಆದರೆ ಮೈಗಳ್ಳ ಅನ್ನುವುದು ಬೈಗುಳ. ಬೇಕಂತಲೇ ಮಾಡಿದ ಅನ್ನುವ ಆರೋಪ ಅದರಲ್ಲಿದೆ. ಇಲ್ಲಿ ಮನುಷ್ಯನಿಗೆ ಗೊತ್ತಿಲ್ಲದೇ ಕೈ ಸಡಿಲಾಗುತ್ತದೆ. ಕುಲುಮೆಯ ಮುಂದೆ ದಿನವಿಡೀ ಬೆವರುವವರಿಗೆ ಆ ಪದ ಇರುವ ಹಾಳೆ ಕೊಡಲು ನನಗೆ ಮನಸ್ಸಿಲ್ಲ. ‘ಕೈಸಡಿಲು’ ಎಂದು ಬರೆದಿಟ್ಟಿದ್ದೇನೆ. ‘ಕೈ ಸಡಿಲ ಬಿಟ್ಟ’ ಅಂದರೆ ಧಾರಾಳವಾಗಿ ಖರ್ಚು ಮಾಡಿದ ಅನ್ನುವ ಅರ್ಥ ನಿಮ್ಮ ಕಡೆ ಇದೆಯೇ?

ಆಟ ನಡೆಸುವವರಿಗೆ ‘ಆಡಿಸುವವರು’ ಎಂದರೆ ಚಿಕ್ಕದು, ಚೊಕ್ಕದು. ಆದರೆ ‘ನಮ್ಮನ್ನ ಆಟ ಆಡಿಸ್ತಾರೆ’ ಅಂದರೆ ಸತಾಯಿಸುತ್ತಾರೆ ಎಂದಾಗುತ್ತದೆ. ಸರ್ಕಾರಿ ತರಬೇತಿಗಳ ‘ಸಂಪನ್ಮೂಲ ವ್ಯಕ್ತಿ’ ಭಾರ. ಸದ್ಯಕ್ಕೆ ‘ಆಟ ನಡೆಸಿಕೊಡುವವರು’ ಎಂದಿದ್ದೇನೆ.

ಕೊನೆಯದು ಆಟ ಮುಗಿದ ಮೇಲಿನ ಮಾತುಕತೆ. ತರಬೇತಿಯವರು ಅದನ್ನು ‘ಡಿಬ್ರೀಫ್’ ಅನ್ನುತ್ತಾರೆ. ಆಟಕ್ಕಿಂತ ಅದೇ ಮುಖ್ಯ. ಯಾರ ಮಾತು ಯಾರೂ ಕೇಳಲಿಲ್ಲ, ಯಾಕೆ ಕೇಳಲಿಲ್ಲ, ಶೆಡ್ಡಿನಲ್ಲೂ ಹೀಗೇ ಆಗುತ್ತಾ ಎಂದು ಕೂತು ಮಾತಾಡದಿದ್ದರೆ ಆಟ ಬರೀ ಮೋಜು. ‘ಮೆಲುಕು’ ಎಂದು ಬರೆಯಬೇಕೆಂದಿದ್ದೆ. ಆದರೆ ಮೆಲುಕು ಹಾಕುವುದು ಜಾಸ್ತಿ ಸಿಹಿ ನೆನಪುಗಳನ್ನೇ ಅಲ್ವಾ? ಕಹಿ ಮಾತೂ ಬರಬೇಕಾದ ಕಡೆ ಆ ಪದ ನಿಲ್ಲುತ್ತದೆಯೇ, ಅಥವಾ ‘ಹಿನ್ನೋಟ’ವೇ ವಾಸಿಯೇ? ಬಾಗಲಕೋಟೆ, ವಿಜಯಪುರ ಕಡೆಯವರು ದಯವಿಟ್ಟು ನಿಮ್ಮ ಮನೆ, ಹೊಲದ ಬಳಕೆ ತಿಳಿಸಿ. ಕೆಲಸ ಮುಗಿಸಿ ಕಟ್ಟೆಯ ಮೇಲೆ ಕೂತು ‘ಇವತ್ತ ಹೆಂಗಾತು’ ಎಂದು ಮಾತಾಡುವುದಕ್ಕೆ ನಿಮ್ಮಲ್ಲಿ ಒಂದೇ ಪದ ಇದ್ದರೆ ಅದನ್ನೇ ಅಚ್ಚಿಗೆ ಕೊಡುತ್ತೇನೆ.