ಟ್ರೀ ನೆಟ್‌ವರ್ಕ್: ಭಾನುವಾರದ ಪ್ರಶ್ನೋತ್ತರ

ನೆಟ್‌ವರ್ಕ್ ಮೇಡಂ: ನಮಸ್ಕಾರ ಎಲ್ರಿಗೂ. ಆಫೀಸು, ಕಾಲೇಜು, ಆಸ್ಪತ್ರೆಗಳಿಗೆ ಕೇಬಲ್ಲು ಸ್ವಿಚ್ಚು ಹಾಕೋ ಕೆಲಸದಲ್ಲಿ 14 ವರ್ಷದಿಂದ ಇದೀನಿ. ಇವತ್ತು ಟ್ರೀ ಟೊಪಾಲಜಿ ಬಗ್ಗೆ ಕೇಳಿ. ಸ್ವಿಚ್ಚು ಅಂದ್ರೆ ಕರೆಂಟಿಂದಲ್ಲ, ಕಂಪ್ಯೂಟರ್ ಕೇಬಲ್ಲುಗಳನ್ನ ಒಂದಕ್ಕೊಂದು ಸೇರಿಸೋ ಪೆಟ್ಟಿಗೆ. ಕೆಳಗೊಂದು ಮೇನ್ ಸ್ವಿಚ್ಚು, ಅದರಿಂದ ಮಹಡಿಗೊಂದು, ಅಲ್ಲಿಂದ ಕಂಪ್ಯೂಟರ್‌ಗಳು, ಹೀಗೆ ಕವಲು ಕವಲಾಗಿ ಹೋಗೋ ನೆಟ್‌ವರ್ಕು.

ಡಿಪ್ಲೊಮಾ ಹುಡ್ಗ: ಮೇಡಂ ಅಡ್ವಾಂಟೇಜು ಡಿಸ್‌ಅಡ್ವಾಂಟೇಜು ಹೇಳಿ, 5 ಮಾರ್ಕ್ಸಿಗೆ ಬರತ್ತೆ

ನೆಟ್‌ವರ್ಕ್ ಮೇಡಂ: ಬೆಳೆಸೋದು ಸುಲಭ, ಇನ್ನೊಂದು ರೂಮ್ ಬಂದ್ರೆ ಇನ್ನೊಂದು ಸ್ವಿಚ್ಚು ಹಾಕಿದ್ರಾಯ್ತು. ಒಂದು ಕವಲು ಸತ್ರೆ ಅದರ ಕೆಳಗಿರೋರಿಗೆ ಮಾತ್ರ ತೊಂದ್ರೆ, ಎಲ್ಲಿ ಕೆಟ್ಟಿದೆ ಅಂತ ಹುಡುಕೋದೂ ಬೇಗ. ಆದ್ರೆ ಮೇನ್ ಸ್ವಿಚ್ಚು ಹೋದ್ರೆ ಕವಲುಗಳೆಲ್ಲ ಬೇರೆಬೇರೆ ಆಗ್ಬಿಡತ್ವೆ. ಮತ್ತೆ 24 ಜನ ಮೇನ್ ಸ್ವಿಚ್ಚಿಗೆ ಹೋಗೋ ಒಂದೇ 1 ಗಿಗಾಬಿಟ್ ಕೇಬಲ್ (ಅಪ್‌ಲಿಂಕ್) ಮೇಲೆ ಹತ್ತಿದ್ರೆ ಅಲ್ಲೇ ಜಾಮು.

ಕಡೂರು ಸಿಸಿಟಿವಿ: ಮೇಡಂ ತೋಟದ ಮನೆಗೆ 16 ಕ್ಯಾಮೆರಾ, 2 ಸ್ವಿಚ್ಚು, ಮಧ್ಯೆ 140 ಮೀಟರ್ ಕೇಬಲ್ ಎಳ್ದಿದೀವಿ, ಆಗಾಗ ಕಟ್ ಆಗತ್ತೆ, ಏನ್ ಮಾಡ್ಲಿ

ಬಿಲ್ಲಿಂಗ್ ಕೌಂಟರ್: ನಮಸ್ತೆ ಮೇಡಂ, ನಾನು ಒಂದು ನರ್ಸಿಂಗ್ ಹೋಮಲ್ಲಿ ಬಿಲ್ಲಿಂಗ್ ನೋಡ್ಕೋತೀನಿ, ಮೂರು ಮಹಡಿ, ಐದು ಸಣ್ಣ ಸ್ವಿಚ್ಚು ಇದೆ, ನೀವು ಹೇಳ್ದಂಗೇ ಟ್ರೀ. ಹೋದ ವಾರ ವಾಟ್ಸಾಪಲ್ಲಿ ಒಂದು ಮೆಸೇಜ್ ಬಂತು, ಎರಡು ಸ್ವಿಚ್ ಮಧ್ಯೆ ಎರಡು ಕೇಬಲ್ ಹಾಕಿದ್ರೆ ಸ್ಪೀಡ್ ಡಬಲ್, ಒಂದು ಕಟ್ ಆದ್ರೂ ಇನ್ನೊಂದು ನಡೆಯತ್ತೆ ಅಂತ, ನಮ್ ಎಲೆಕ್ಟ್ರಿಷಿಯನ್ ನೋಡಿ ಹಾಕ್ಬಿಟ್ಟ. ಆವತ್ತಿಂದ ಎಲ್ಲಾ ಲೈಟು ಒಟ್ಟಿಗೆ ಪಟಪಟ ಅಂತಾವೆ, ಬಿಲ್ಲು ಇಲ್ಲ ಲ್ಯಾಬ್ ರಿಪೋರ್ಟೂ ಇಲ್ಲ. ಆಫ್ ಮಾಡಿ ಆನ್ ಮಾಡಿದ್ರೆ ಒಂದ್ ನಿಮಿಷನೂ ನಿಲ್ಲಲ್ಲ. ಸ್ವಿಚ್ಚೇ ಹೋಗಿದ್ಯಾ?

ನೆಟ್‌ವರ್ಕ್ ಮೇಡಂ: ಸ್ವಿಚ್ಚು ಹೋಗಿಲ್ಲ. ಆ ಎರಡನೇ ಕೇಬಲ್ ಈಗ್ಲೇ ಕಿತ್ತಾಕಿ, ಆಮೇಲೆ ಮುಂದಕ್ಕೆ ಓದಿ.

ಟ್ರೀ ಅಂದ್ರೆ ಎಲ್ಲಿಂದ ಎಲ್ಲಿಗೆ ಹೋದ್ರೂ ಒಂದೇ ದಾರಿ. ನೀವು ಎರಡನೇ ದಾರಿ ಮಾಡಿದ ಕೂಡ್ಲೇ ಅದು ಸುತ್ತು ಆಯ್ತು. ಒಂದು ಕಂಪ್ಯೂಟರ್ 'ಪ್ರಿಂಟರ್ ಎಲ್ಲಿದೆ' ಅಂತ ಎಲ್ರಿಗೂ ಕೂಗತ್ತೆ ಅಂದ್ಕೊಳಿ, ಸ್ವಿಚ್ಚು ಆ ಕೂಗನ್ನ ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲಾ ಪೋರ್ಟಿಗೂ ಕಳಿಸತ್ತೆ, ಅದು ಒಂದು ಕೇಬಲ್ಲಲ್ಲಿ ಹೋಗಿ ಇನ್ನೊಂದರಲ್ಲಿ ವಾಪಸ್ ಬರತ್ತೆ, ಮತ್ತೆ ಕಳಿಸತ್ತೆ. ಇಂಟರ್ನೆಟ್ಟಲ್ಲಿ ಓಡಾಡೋ ಐಪಿ ಪ್ಯಾಕೆಟ್ಟಿಗೆ ಇಷ್ಟು ಹೆಜ್ಜೆ ಆದ್ಮೇಲೆ ಸಾಯಿ ಅಂತ ಒಂದು ಲೆಕ್ಕ ಇರತ್ತೆ, ಸ್ವಿಚ್ಚು ಕಳಿಸೋ ಈಥರ್‌ನೆಟ್ ಫ್ರೇಮಿಗೆ ಅದಿಲ್ಲ, ಅದಕ್ಕೇ ಸುತ್ತುತ್ತಾನೇ ಇರತ್ತೆ. ಮೇಲೆ ಆ ಹುಡುಗನಿಗೆ ಕವಲಿನ ತೊಂದ್ರೆ ಕವಲಲ್ಲೇ ಉಳಿಯತ್ತೆ ಅಂದ್ನಲ್ಲ, ಸುತ್ತು ಬಿದ್ರೆ ಆ ಮಾತೂ ಸುಳ್ಳಾಗತ್ತೆ, ಕೂಗು ಐದೂ ಸ್ವಿಚ್ಚಿಗೆ ಹೋಗತ್ತೆ.

ಎರಡನೇ ದಾರಿ ಬೇಕು ಅನ್ನೋದು ತಪ್ಪಲ್ಲ. ಅದಕ್ಕೆ ಮ್ಯಾನೇಜ್ಡ್ ಸ್ವಿಚ್ಚು, ಅಂದ್ರೆ ಸೆಟ್ಟಿಂಗ್ ಬದಲಾಯಿಸೋಕೆ ಆಗೋ ಸ್ವಿಚ್ಚು ಬೇಕು, ಅದರಲ್ಲಿ ಸುತ್ತು ತಡೆಯೋ ಸ್ಪ್ಯಾನಿಂಗ್ ಟ್ರೀ (ಎಸ್‌ಟಿಪಿ) ಆನ್ ಇರ್ಬೇಕು. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಅನ್ನೋ ಕಂಪ್ಯೂಟರ್ ಕಂಪನಿಯಲ್ಲಿದ್ದ ರಾಡಿಯಾ ಪರ್ಲ್‌ಮನ್ ಅನ್ನೋರು ಮಾಡಿದ್ದು. ಕೇಬಲ್ ಎರಡಿದ್ರೂ ಒಂದನ್ನ ಮುಚ್ಚಿಟ್ಟು ಟ್ರೀನೇ ಉಳಿಸತ್ತೆ, ಮೊದಲನೇದು ಕಟ್ ಆದಾಗ ಎರಡನೇದನ್ನ ತೆರೆಯತ್ತೆ. ಹಳೇ ಎಸ್‌ಟಿಪಿಗೆ ಇದಕ್ಕೆ 30ರಿಂದ 50 ಸೆಕೆಂಡು, ಅದರ ಹೊಸ ರೂಪ ಆರ್‌ಎಸ್‌ಟಿಪಿಗೆ ಕೆಲವೇ ಸೆಕೆಂಡು. ಅಂದ್ರೆ ಸ್ಪೀಡ್ ಡಬಲ್ ಆಗಲ್ಲ, ಒಂದು ಸುಮ್ನೆ ಕಾಯ್ತಿರತ್ತೆ. ಡಬಲ್ ಬೇಕಂದ್ರೆ ಎರಡೂ ಕಡೆ ಲಿಂಕ್ ಅಗ್ರಿಗೇಶನ್, ಅಂದ್ರೆ ಎರಡು ಕೇಬಲ್ಲನ್ನ ಒಂದೇ ಅಂತ ಲೆಕ್ಕ ಹಿಡಿಯೋ ಸೆಟ್ಟಿಂಗು, ಮಾಡ್ಬೇಕು, ಸುಮ್ನೆ ಕೇಬಲ್ ಚುಚ್ಚಿದ್ರೆ ಬರಲ್ಲ.

ಇನ್ನೊಂದು, ಸ್ಪ್ಯಾನಿಂಗ್ ಟ್ರೀ ಒಂದು ಸ್ವಿಚ್ಚನ್ನ ರೂಟ್, ಅಂದ್ರೆ ಮರದ ಬೇರು, ಅಂತ ಆರಿಸತ್ತೆ, ಪ್ರಯಾರಿಟಿ ನಂಬರ್ ಚಿಕ್ಕದಿರೋದೇ ಗೆಲ್ಲೋದು. ಸಾಮಾನ್ಯವಾಗಿ ಎಲ್ಲಾ ಸ್ವಿಚ್ಚಲ್ಲೂ ಅದು 32768 ಅಂತಲೇ ಬಂದಿರತ್ತೆ, ಹಾಗೇ ಬಿಟ್ರೆ ಕಂಪನಿಯಲ್ಲೇ ಹಾಕಿದ ಗುರುತಿನ ನಂಬರ್ (ಮ್ಯಾಕ್) ಚಿಕ್ಕದಿರೋದು ರೂಟ್ ಆಗತ್ತೆ, ಎಷ್ಟೋ ಸಲ ಅದು ಮೂಲೆಯಲ್ಲಿರೋ ಹಳೇ ಸ್ವಿಚ್ಚೇ. ನಿಮ್ಮ ಮೇನ್ ಸ್ವಿಚ್ಚಿಗೆ 4096 ಕೊಡ್ಸಿ, ಯುಪಿಎಸ್ ಮೇಲೆ ಇಡಿ.

ಈಗ ನಂಗೆ ಹೇಳಿ, ಐಸಿಯು ಮಾನಿಟರ್‌ಗಳು ಇದೇ ಸ್ವಿಚ್ಚಿಗೆ ಸೇರಿದಾವಾ?

ಮೇಷ್ಟ್ರು: ಮೇಡಂ, ಪುಸ್ತಕದಲ್ಲಿ ಟ್ರೀ ಅಂದ್ರೆ ಬಸ್ (ಎಲ್ಲವೂ ಒಂದೇ ಉದ್ದ ಕೇಬಲ್ಲಿಗೆ ಸೇರೋದು) ಮತ್ತು ಸ್ಟಾರ್ (ಎಲ್ಲವೂ ಮಧ್ಯದ ಒಂದು ಪೆಟ್ಟಿಗೆಗೆ ಸೇರೋದು) ಸೇರಿದ್ದು, ಮಧ್ಯೆ ಬೆನ್ನೆಲುಬಿನ ಹಾಗೆ ಬಸ್ ಬ್ಯಾಕ್‌ಬೋನ್ ಇರ್ಬೇಕು. ನೀವು ಹೇಳಿದ್ದು ಸ್ಟಾರಿಗೆ ಸ್ಟಾರ್ ಸೇರಿಸಿದ ಎಕ್ಸ್‌ಟೆಂಡೆಡ್ ಸ್ಟಾರ್.

ಫೈಬರ್ ಅಣ್ಣ: ಮೇಷ್ಟ್ರೇ ಆ ದಪ್ಪ ಕೋಆಕ್ಸ್ ಕೇಬಲ್ಲಿನ ಬಸ್ಸನ್ನ ಈಗ ಯಾರು ಹಾಕ್ತಾರೆ? ನಾನು ಮನೆಮನೆಗೆ ಕೊಡೋದು ಟ್ರೀನೇ, ಒಂದು ಪೋರ್ಟಿಂದ ಫೈಬರ್ ಬೆಳಕನ್ನ ಎಂಟಾಗಿ ಹಂಚೋ 1:8 ಸ್ಪ್ಲಿಟರ್, ಆಮೇಲೆ ಮತ್ತೆ 1:8, 64 ಮನೆ. ಬಸ್ ಎಲ್ಲಿದೆ ತೋರ್ಸಿ.

ಮೇಷ್ಟ್ರು: ಪರೀಕ್ಷೆ ಬರೆಯೋ ಮಕ್ಕಳಿಗೆ ತಪ್ಪು ಹೇಳ್ಕೊಡ್ಬೇಡಿ.

ಫೈಬರ್ ಅಣ್ಣ: ಪಾಸಾಗಿ ಬಂದ ಮಕ್ಕಳಿಗೆ ಕೇಬಲ್ ತುದಿಗೆ ಪ್ಲಗ್ ಕೂರಿಸೋ ಕ್ರಿಂಪಿಂಗೂ ಬರಲ್ಲ, ನಾನೇ ಕಲಿಸ್ತಿರೋದು.

ಮೇಷ್ಟ್ರು: ಅದು ಬೇರೆ ವಿಷಯ, ಮರ್ಯಾದೆಯಿಂದ ಮಾತಾಡಿ.

ಹಾಸನ್ ಟೆಕ್: ಸ್ಪ್ಲಿಟರ್ ಹಾಕ್ತಾ ಹೋದ್ರೆ ಎಷ್ಟು ಮನೆಗಾದ್ರೂ ಕೊಡ್ಬಹುದಾ ಅಣ್ಣ

ಫೈಬರ್ ಅಣ್ಣ: ಇಲ್ಲಪ್ಪ, ಒಂದು 1:8ಕ್ಕೇ ಸುಮಾರು 10 ಡಿಬಿ (ಬೆಳಕು ಎಷ್ಟು ಕಮ್ಮಿ ಆಯ್ತು ಅನ್ನೋ ಅಳತೆ) ಹೋಗತ್ತೆ, ಒಟ್ಟು ಕಳ್ಕೊಳ್ಳೋಕೆ ಇರೋದು 28 ಡಿಬಿ ಲೆಕ್ಕ, ಎರಡು ಸ್ಪ್ಲಿಟರ್‌ಗೇ 20 ಹೋಯ್ತು, ಉಳಿದದ್ದು ಫೈಬರ್ರು ಜಾಯಿಂಟಿಗೆ. ಮನೆ ಕಡೆಗೆ ಬರೋ ಸೆಕೆಂಡಿಗೆ 2.5 ಗಿಗಾಬಿಟ್ಟೂ ಆ 64 ಮನೆಗೂ ಸೇರಿ.

ನೆಟ್‌ವರ್ಕ್ ಮೇಡಂ: ಪರೀಕ್ಷೇಲಿ ಮೇಷ್ಟ್ರು ಹೇಳಿದ್ದು ಬರೀರಿ, ಕೆಲಸದಲ್ಲಿ ಅಣ್ಣ ಹೇಳಿದ್ದು ಮಾಡಿ. ಜಗಳ ಸಾಕು. ಬಿಲ್ಲಿಂಗ್ ಕೌಂಟರ್, ಐಸಿಯು?

ಫೈನಲ್ ಇಯರ್: ಮೇಡಂ ಅಡ್ವಾಂಟೇಜು ಡಿಸ್‌ಅಡ್ವಾಂಟೇಜು ಪ್ಲೀಸ್

ನೆಟ್‌ವರ್ಕ್ ಮೇಡಂ: ಮೇಲಿದೆ.

ಕಡೂರು ಸಿಸಿಟಿವಿ: ನನ್ನ ಪ್ರಶ್ನೆ ನೋಡಿದ್ರಾ ಮೇಡಂ

ಶುಭೋದಯ ಗ್ರೂಪ್: ಫಾರ್ವರ್ಡ್: ದಿನಾ ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ವೈರಸ್ ಹೋಗತ್ತೆ, ಎಲ್ಲರಿಗೂ ಹಂಚಿ

ನೆಟ್‌ವರ್ಕ್ ಮೇಡಂ: ಇದನ್ನ ಅಳಿಸಿ. ಸ್ವಿಚ್ಚಲ್ಲಿ ನಿಮ್ಮ ಕಂಪ್ಯೂಟರ್ ವೈರಸ್ ಕೂತಿರಲ್ಲ. ಇಂಥದ್ದೇ ಒಂದು ಫಾರ್ವರ್ಡಿಂದ ಒಂದು ಆಸ್ಪತ್ರೆಯಲ್ಲಿ ಒಂದು ವಾರ ಲ್ಯಾಬ್ ರಿಪೋರ್ಟ್ ನಿಂತಿದೆ, ಮೇಲೆ ಓದಿಲ್ವಾ?

ಶುಭೋದಯ ಗ್ರೂಪ್: ಒಳ್ಳೇದಕ್ಕೆ ಹಾಕಿದ್ದು ಮೇಡಂ, ಇಷ್ಟು ಕೋಪ ಯಾಕೆ

ನೆಟ್‌ವರ್ಕ್ ಮೇಡಂ: ಅಳಿಸಿ.

ಬಿಲ್ಲಿಂಗ್ ಕೌಂಟರ್: ಕೇಬಲ್ ಕಿತ್ವಿ, ಎಲ್ಲಾ ಸರಿಯಾಯ್ತು ಮೇಡಂ, ಕೈ ಮುಗೀತೀನಿ. ಐಸಿಯುದು ಈಗ ಮೇಲೆ ಹೋಗಿ ನೋಡ್ದೆ, ಫಾರ್ಮಸಿ ಸ್ವಿಚ್ಚಿಂದನೇ ಹೋಗಿದೆ. ಸಿಸ್ಟರ್ ಟೇಬಲ್ ಮೇಲಿನ ದೊಡ್ಡ ಸ್ಕ್ರೀನು ಈ ವಾರ ಎಷ್ಟೋ ಸಲ ಖಾಲಿ ಬಂತಂತೆ, ಸ್ಕ್ರೀನ್ ಕೆಟ್ಟಿದೆ ಅಂತ ಸುಮ್ನಿದ್ರಂತೆ.

ನೆಟ್‌ವರ್ಕ್ ಮೇಡಂ: ನಂಗೆ ಇದೇ ಭಯ ಇತ್ತು. ಬೆಡ್ ಪಕ್ಕದ ಮಾನಿಟರ್ ತಾನೇ ಅಲಾರಂ ಹೊಡ್ಕೊಳತ್ತೆ, ಆದ್ರೆ ಟೇಬಲ್ ಮೇಲಿನ ಸ್ಕ್ರೀನಿಗೆ ಎಲ್ಲಾ ಬರೋದು ನೆಟ್‌ವರ್ಕಿಂದ, ಸಿಸ್ಟರ್ ದೂರದಲ್ಲಿ ಕೂತಿದ್ರೆ ಗೊತ್ತೇ ಆಗಲ್ಲ. ಅದನ್ನ ಫಾರ್ಮಸಿಯಿಂದ ಬಿಡಿಸಿ ಬೇರೆ ಸ್ವಿಚ್ಚು, ಬೇರೆ ಯುಪಿಎಸ್ಸು ಮಾಡ್ಸಿ, ಬಿಲ್ಲಿಂಗ್ ಜೊತೆ ಸೇರಿಸಲೇಬೇಡಿ, ಮಾನಿಟರ್ ಕಂಪನಿ ಎಂಜಿನಿಯರ್‌ನ ಕರೆಸಿಯೇ ಮಾಡ್ಸಿ. ಅಲ್ಲಿವರೆಗೂ ಒಬ್ರು ಸಿಸ್ಟರ್ ಐಸಿಯು ಒಳಗೇ ಇರ್ಲಿ. ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡಿ.

ಬಿಲ್ಲಿಂಗ್ ಕೌಂಟರ್: ಮಾಡ್ತಿದೀನಿ ಮೇಡಂ.

ಹಾಸನ್ ಟೆಕ್: ಮ್ಯಾನೇಜ್ಡ್ ಸ್ವಿಚ್ಚಲ್ಲಿ ಯಾವ ಕಂಪನಿದು ಒಳ್ಳೇದು?

ನೆಟ್‌ವರ್ಕ್ ಮೇಡಂ: ಆಮೇಲೆ. ಬಿಲ್ಲಿಂಗ್ ಕೌಂಟರ್, ಡಾಕ್ಟ್ರು ಏನಂದ್ರು ಅಂತ ಇಲ್ಲೇ ಬರೀರಿ, ನಾನು ಕಾಯ್ತಿರ್ತೀನಿ.