ಶಿಕ್ಷೆ ಮುಗಿಸಿ ಬಂದ ಆಟಗಾರನಿಗೆ ಮತ್ತೆ ಅಂಗಳ ಬಿಟ್ಟುಕೊಡಬೇಕಾ? ವಕೀಲರನ್ನು ಕೇಳಿ

ಪ್ರಶ್ನೆ (ದಾವಣಗೆರೆಯಿಂದ ಒಬ್ಬ ತಾಯಿ):
ನಮಸ್ಕಾರ ಮೇಡಂ. ನನ್ನ ಮಗಳಿಗೆ 13 ವರ್ಷ. ವಾಲಿಬಾಲ್ ಆಡುತ್ತಾಳೆ, ಈ ಸಲ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾಳೆ. ಮೊನ್ನೆ ಫೋನಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬೀಚ್ ವಾಲಿಬಾಲ್ ನೋಡುತ್ತಿದ್ದಳು. ನೆದರ್ಲೆಂಡ್ಸ್‌ನ ಒಬ್ಬ ಆಟಗಾರನನ್ನು ಕಂಡು ಜನ ಬೂ ಅಂತ ಕೂಗುತ್ತಿದ್ದರು. "ಅಮ್ಮಾ, ಯಾಕೆ ಹಂಗೆ ಕೂಗ್ತಾರೆ?" ಅಂದಳು. ಹುಡುಕಿ ಓದಿದೆ. ಓದಿದ ಮೇಲೆ ಅವಳಿಗೆ ಏನು ಹೇಳಬೇಕು ಅಂತಲೇ ತೋಚಲಿಲ್ಲ. ಇಂಥವರನ್ನು ಆಡಲು ಬಿಡುವುದು ಕಾನೂನಿನ ಪ್ರಕಾರ ಸರಿಯಾ? ನಿಮಗೆ ಏನನಿಸುತ್ತೆ?

ಉತ್ತರ:
ನಮಸ್ಕಾರ ಅಕ್ಕ. ವಿಷಯ ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಆತನ ಹೆಸರು ಸ್ಟೀವನ್ ವ್ಯಾನ್ ಡಿ ವೆಲ್ಡೆ. 2014ರಲ್ಲಿ ಅವನಿಗೆ 19 ವರ್ಷ. ಫೇಸ್‌ಬುಕ್‌ನಲ್ಲಿ ಪರಿಚಯವಾದ 12 ವರ್ಷದ ಹುಡುಗಿಯನ್ನು ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಿ ಅತ್ಯಾಚಾರ ಮಾಡಿದ. 2016ರಲ್ಲಿ ಅಲ್ಲಿನ ಕೋರ್ಟು 4 ವರ್ಷ ಶಿಕ್ಷೆ ಕೊಟ್ಟಿತು. ಆಮೇಲೆ ಅವನನ್ನು ಅವನ ದೇಶಕ್ಕೆ ಕಳಿಸಿದರು. ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಶಿಕ್ಷೆ ಇಳಿಯಿತು. ಒಟ್ಟು ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಒಳಗಿದ್ದು ಹೊರಬಂದು, 2017ರಿಂದ ಮತ್ತೆ ಆಡತೊಡಗಿದ.

ಕಾನೂನಿನ ಮಾತು ಚಿಕ್ಕದು. ಶಿಕ್ಷೆ ಮುಗಿಸಿದವನು ಆಡಲೇಬಾರದು ಅನ್ನುವ ಕಾನೂನು ನಮ್ಮಲ್ಲೂ ಇಲ್ಲ. ದುಡಿದು ತಿನ್ನುವುದು ಅವನ ಹಕ್ಕು. ಆದರೆ ದೇಶದ ತಂಡದಲ್ಲಿ ಜಾಗ ಯಾರ ಹಕ್ಕೂ ಅಲ್ಲ. ಅದು ಆಯ್ಕೆ ಮಾಡುವವರು ಕೊಡುವಂಥದ್ದು. ಹೊಟ್ಟೆಪಾಡು ಬೇರೆ, ಮೆರವಣಿಗೆ ಬೇರೆ, ಅಲ್ವಾ?

ಪ್ಯಾರಿಸ್‌ನಲ್ಲಿ ಅವನು ಕ್ರೀಡಾಗ್ರಾಮದಲ್ಲಿ ಇರಲಿಲ್ಲ, ಬೇರೆ ಕಡೆ ಉಳಿಸಿದ್ದರು. ಪತ್ರಕರ್ತರ ಎದುರು ಬರದ ಹಾಗೆ ನೋಡಿಕೊಂಡರು. ಇಷ್ಟೆಲ್ಲ ಏರ್ಪಾಡು ಬೇಕಾಗುವ ಆಟಗಾರನನ್ನು ದೇಶದ ಹೆಸರು ಬರೆದ ಜೆರ್ಸಿ ಹಾಕಿ ಕಳಿಸಬೇಕಿತ್ತಾ? ನನ್ನನ್ನು ಕೇಳಿದರೆ, ಬೇಡವಾಗಿತ್ತು. ಅವನು ಬದುಕಲಿ, ಕೆಲಸ ಮಾಡಲಿ. ಚಿಕ್ಕ ಮಕ್ಕಳು ಆಟೋಗ್ರಾಫ್‌ಗೆ ಮುಗಿಬೀಳುವ ಜಾಗದಲ್ಲಿ ಅವನನ್ನು ನಿಲ್ಲಿಸಬೇಕಿರಲಿಲ್ಲ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ಮೇಡಂ, ನಾನು ಒಪ್ಪಲ್ಲ. ಜೈಲಿನಿಂದ ಬಂದ ಮೇಸ್ತ್ರಿ ಗಾರೆ ಕೆಲಸಕ್ಕೆ ಹೋಗಬಹುದು. ಡ್ರೈವರ್ ಗಾಡಿ ಓಡಿಸಬಹುದು. ಆಟಗಾರ ಮಾತ್ರ ಆಡಬಾರದಾ? ಕೋರ್ಟು ಕೊಟ್ಟ ಶಿಕ್ಷೆ ಮುಗಿದ ಮೇಲೆ ನಾವ್ಯಾರು ಮತ್ತೆ ಶಿಕ್ಷೆ ಕೊಡೋಕೆ?

ಉತ್ತರ:
ಸರ್, ನಿಮ್ಮ ಮಾತಿನಲ್ಲಿ ಮುಕ್ಕಾಲು ಪಾಲು ನನ್ನದೂ ಹೌದು. ಇಪ್ಪತ್ತು ವರ್ಷದಿಂದ ಕ್ರಿಮಿನಲ್ ಕೇಸು ನಡೆಸುತ್ತಿದ್ದೇನೆ. ಕೆಲಸ ಸಿಗದೆ ಮತ್ತೆ ಹಳೇ ದಾರಿ ಹಿಡಿದವರನ್ನು ಕಣ್ಣಾರೆ ನೋಡಿದ್ದೇನೆ. ನನ್ನ ಸಿಟ್ಟು ಇರುವುದು ಎರಡನೇ ಅವಕಾಶದ ಮೇಲಲ್ಲ. ಅದು ಯಾರಿಗೆ ಸಿಗುತ್ತೆ, ಯಾವ ಲೆಕ್ಕದಲ್ಲಿ ಸಿಗುತ್ತೆ ಅನ್ನುವುದರ ಮೇಲೆ.

ಅಮೆರಿಕದ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್‌ನ ಕತೆ ನೋಡಿ. ವರ್ಜೀನಿಯಾದಲ್ಲಿ ಅವನ ಜಾಗದಲ್ಲಿ ನಾಯಿಕಾಳಗ ನಡೆಸುತ್ತಿದ್ದರು. ಸರಿಯಾಗಿ ಕಾದಾಡದ ನಾಯಿಗಳನ್ನು ಕೊಂದು ಹಾಕುತ್ತಿದ್ದರು. 2007ರಲ್ಲಿ ಸಿಕ್ಕಿಬಿದ್ದ, ತಪ್ಪೊಪ್ಪಿಕೊಂಡ, 23 ತಿಂಗಳ ಶಿಕ್ಷೆ ಆಯಿತು. ಇಲ್ಲಿ ಕೋರ್ಟು ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. ಉಳಿದ ನಾಯಿಗಳ ಆರೈಕೆಗೆ ಅವನ ಕೈಯಿಂದಲೇ 9 ಲಕ್ಷ ಡಾಲರ್‌ಗೂ ಜಾಸ್ತಿ ಹಣ ಕಟ್ಟಿಸಿತು. ಅಲ್ಲಿಯವರೆಗೆ ಕಾಳಗದ ನಾಯಿ ಅಂದರೆ ಸಾಯಿಸುವುದೇ ರೂಢಿ. ಈ ಸಲ ಹೆಚ್ಚಿನವು ಉಳಿದವು. ಅದರಲ್ಲಿ ಜಾನಿ ಅನ್ನುವ ಒಂದು ನಾಯಿ, ಓದಲು ಹಿಂಜರಿಯುವ ಮಕ್ಕಳು ಪುಸ್ತಕ ಹಿಡಿದು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿತ್ತು.

ವಿಕ್ 2009ರಲ್ಲಿ ಷರತ್ತಿನ ಮೇಲೆ ಆಟಕ್ಕೆ ವಾಪಸಾದ. ನಾಯಿಕಾಳಗ ಬೇಡ ಅಂತ ಶಾಲೆಗಳಲ್ಲಿ ಮಾತಾಡಿದ. ಇದು ನನಗೆ ಒಪ್ಪಿಗೆ. ತಪ್ಪು ಒಪ್ಪಿಕೊಂಡ, ಹಣ ಕಟ್ಟಿದ, ಫುಟ್‌ಬಾಲ್ ಅವನ ಕೈಗೆ ಮತ್ತೆ ನಾಯಿ ಕೊಡಲಿಲ್ಲ.

ಈಗ ಅದೇ ಆಟದ ಇನ್ನೊಬ್ಬ, ರೇ ರೈಸ್. 2014ರಲ್ಲಿ ಲಿಫ್ಟ್‌ನಲ್ಲಿ ಮದುವೆಯಾಗಬೇಕಿದ್ದ ಹುಡುಗಿಗೆ ಪ್ರಜ್ಞೆ ತಪ್ಪುವ ಹಾಗೆ ಹೊಡೆದ. ಪಂದ್ಯ ನಡೆಸುವ ಲೀಗ್ ಮೊದಲು ಕೊಟ್ಟ ಶಿಕ್ಷೆ ಬರೀ 2 ಪಂದ್ಯದ ನಿಷೇಧ. ಲಿಫ್ಟ್ ಒಳಗಿನ ವಿಡಿಯೊ ಹೊರಬಂತು ನೋಡಿ, ಅದೇ ದಿನ ತಂಡ ಕೈಬಿಟ್ಟಿತು, ಲೀಗ್ ಅನಿರ್ದಿಷ್ಟ ನಿಷೇಧ ಹಾಕಿತು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡುವಂತಿಲ್ಲ ಅಂತ ಮೇಲ್ಮನವಿಯಲ್ಲಿ ಅವನೇ ಗೆದ್ದ. ಆದರೂ ಯಾವ ತಂಡವೂ ಕರೆಯಲಿಲ್ಲ. ಹಿಂದಿನ ವರ್ಷವೇ ಅವನ ಆಟ ಇಳಿದಿತ್ತು. ವಿಕ್‌ಗೆ ಮಾತ್ರ 2011ರಲ್ಲಿ 10 ಕೋಟಿ ಡಾಲರ್ ಒಪ್ಪಂದ. ಅವನ ಕಾಲಲ್ಲಿ ಇನ್ನೂ ಓಟ ಇತ್ತು.

ನಿಮ್ಮ ಮೇಸ್ತ್ರಿಗೆ ಕೆಲಸ ಕೊಡುವವರು ಇಂಥ ಲೆಕ್ಕ ಹಾಕುವುದಿಲ್ಲ ಸರ್. ಆಟದಲ್ಲಿ ಹಾಕುತ್ತಾರೆ. ಫಾರ್ಮ್ ಇದ್ದರೆ "ಪಾಪ, ಬದಲಾಗಿದ್ದಾನೆ". ಇಲ್ಲದಿದ್ದರೆ "ನಮ್ಮ ಕ್ಲಬ್ಬಿನ ಮೌಲ್ಯ". ನನಗೆ ನೋವಾಗುವುದು ಇದು.

ಇನ್ನೊಂದು ಹೇಳಿಬಿಡುತ್ತೇನೆ. ಬಾಕ್ಸರ್ ಮೈಕ್ ಟೈಸನ್ 1992ರಲ್ಲಿ ಅತ್ಯಾಚಾರದ ಕೇಸಿನಲ್ಲಿ ಜೈಲಿಗೆ ಹೋದ, 1995ರಲ್ಲಿ ಹೊರಬಂದ, ಅದೇ ವರ್ಷ ಮತ್ತೆ ರಿಂಗಿಗೆ ಇಳಿದ. 1997ರಲ್ಲಿ ಪಂದ್ಯದ ನಡುವೆ ಎದುರಾಳಿ ಹೋಲಿಫೀಲ್ಡ್ ಕಿವಿ ಕಚ್ಚಿದ. ಆಗ ನೆವಾಡಾ ರಾಜ್ಯದ ಬಾಕ್ಸಿಂಗ್ ಆಯೋಗದವರು ಲೈಸೆನ್ಸ್ ಕಿತ್ತುಕೊಂಡು 30 ಲಕ್ಷ ಡಾಲರ್ ದಂಡ ಹಾಕಿದರು. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಹೋಗದ ಲೈಸೆನ್ಸ್ ಕಿವಿಗೆ ಹೋಯಿತು.

ಪ್ರಶ್ನೆ (ಮೈಸೂರಿನಿಂದ, ಕ್ರಿಕೆಟ್ ಪ್ರೇಮಿ):
ಹಾಗಾದರೆ ಫಿಕ್ಸಿಂಗ್ ಮಾಡಿದವರು? ಮೊಹಮ್ಮದ್ ಆಮಿರ್ ವಾಪಸ್ ಬಂದು 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ನಮ್ಮ ರೋಹಿತ್, ಕೊಹ್ಲಿ, ಧವನ್ ಮೂವರನ್ನೂ ಎತ್ತಿದ್ದು ಇನ್ನೂ ಕಣ್ಣಲ್ಲಿದೆ.

ಉತ್ತರ:
ನನ್ನ ಕಣ್ಣಲ್ಲೂ ಇದೆ! ಆದರೆ ಅದಕ್ಕಿಂತ ಜಾಸ್ತಿ ಕಾಡುವುದು 2010ರ ಲಾರ್ಡ್ಸ್ ಫೋಟೊ. ಆ ನೋಬಾಲ್‌ನಲ್ಲಿ ಕಾಲು ಗೆರೆಯಿಂದ ಎಷ್ಟು ಮುಂದೆ ಬಂದಿತ್ತು ಅಂದರೆ, ಕ್ರಿಕೆಟ್ ಗೊತ್ತಿಲ್ಲದವರಿಗೂ ಏನೋ ಸರಿಯಿಲ್ಲ ಅನಿಸುತ್ತೆ. ಹುಡುಗನಿಗೆ ಆಗ 18. ಅವನ ನಾಯಕ ಸಲ್ಮಾನ್ ಬಟ್ ಕೂಡ ಇದರಲ್ಲಿದ್ದ. ಆಮಿರ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. 6 ತಿಂಗಳ ಶಿಕ್ಷೆ, 5 ವರ್ಷ ನಿಷೇಧ. ವಾಪಸ್ ಬಂದಾಗ ತಂಡದವರೇ ಆದ ಹಫೀಜ್, ಅಜರ್ ಅಲಿ ಅವನಿದ್ದ ಶಿಬಿರಕ್ಕೆ ಬರಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. 2016ರಲ್ಲಿ ಅದೇ ಲಾರ್ಡ್ಸ್‌ನಲ್ಲಿ ಪಾಕಿಸ್ತಾನ ಗೆದ್ದಾಗ ಕೊನೆಯ ವಿಕೆಟ್ ಅವನದ್ದೇ. ಈ ವಾಪಸಾತಿ ನನಗೆ ನ್ಯಾಯ ಅನಿಸುತ್ತೆ. 18ರ ಹುಡುಗನನ್ನೂ ಅವನ ನಾಯಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ಶ್ರೀಶಾಂತ್ ವಿಷಯದಲ್ಲಿ ಬಿಸಿಸಿಐ ಆಜೀವ ನಿಷೇಧ ಹಾಕಿತ್ತು. 2019ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯ ಪ್ರಮಾಣವನ್ನು ಮತ್ತೆ ನೋಡಿ ಅಂದಿತು. ನಿಷೇಧ 7 ವರ್ಷಕ್ಕೆ ಇಳಿಯಿತು. 2021ರ ಜನವರಿಯಲ್ಲಿ, 37ನೇ ವಯಸ್ಸಿನಲ್ಲಿ, ಕೇರಳಕ್ಕೆ ಮತ್ತೆ ಬೌಲಿಂಗ್ ಮಾಡಿದ.

ಇನ್ನು ನಮ್ಮ ಮನೆಯದೇ ಕತೆ. 2019ರ ಕೆಪಿಎಲ್ ಫಿಕ್ಸಿಂಗ್ ಕೇಸಿನಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದ್ದು ನೆನಪಿದೆಯಲ್ಲ. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟು ಆ ವಂಚನೆ ಕೇಸನ್ನು ರದ್ದು ಮಾಡಿತು. ಜನ ಟಿಕೆಟ್ ಕೊಳ್ಳುವುದು ತಾವಾಗಿಯೇ, ಆದ್ದರಿಂದ ಫಿಕ್ಸಿಂಗ್ 420 ಸೆಕ್ಷನ್ ಒಳಗೆ ಬರುವುದಿಲ್ಲ, ಶಿಸ್ತು ಕ್ರಮ ಬಿಸಿಸಿಐ ಕೆಲಸ ಅಂದಿತು. ಅಂದರೆ ಕಾನೂನಿನ ಕಣ್ಣಿಗೆ ಹಗುರವಾದ ತಪ್ಪಿಗೆ ಕ್ರಿಕೆಟ್ ಮಂಡಳಿ ಜೀವನಪೂರ್ತಿ ಬಾಗಿಲು ಹಾಕಬಹುದು. ಆಟದ ಮಾನ ಕಾಯಲು ಇಷ್ಟು ಗಟ್ಟಿ ನಿಯಮ ಇದೆ. ಮನುಷ್ಯರ ಮಾನ ಕಾಯಲು, ಹೆಣ್ಣುಮಕ್ಕಳ ಮೈಮೇಲೆ ಕೈ ಮಾಡಿದವನಿಗೆ, ಇಷ್ಟು ಸ್ಪಷ್ಟವಾದ ನಿಯಮ ಯಾಕೆ ಬರೆದಿಡಬಾರದು?

ಪ್ರಶ್ನೆ (ಅವರೇ):
ಬರೀ ಆರೋಪ ಇದ್ದರೆ?

ಉತ್ತರ:
ಆರೋಪ ಬೇರೆ, ತೀರ್ಪು ಬೇರೆ. ನೇಪಾಳದ ಕ್ರಿಕೆಟಿಗ ಸಂದೀಪ್ ಲಮಿಛಾನೆಗೆ ಅತ್ಯಾಚಾರದ ಕೇಸಿನಲ್ಲಿ 2024ರ ಜನವರಿಯಲ್ಲಿ ಜಿಲ್ಲಾ ಕೋರ್ಟು 8 ವರ್ಷ ಶಿಕ್ಷೆ ಕೊಟ್ಟಿತು, ಮೇ ತಿಂಗಳಲ್ಲಿ ಮೇಲಿನ ಕೋರ್ಟು ಖುಲಾಸೆ ಮಾಡಿತು. ಬ್ರಿಟನ್ನಿನ ಫುಟ್‌ಬಾಲ್ ಆಟಗಾರ ಚೆಡ್ ಎವನ್ಸ್ ಕೂಡ ಅತ್ಯಾಚಾರದ ಕೇಸಿನಲ್ಲಿ ಜೈಲು ಮುಗಿಸಿ ಬಂದ ಮೇಲೆ 2016ರ ಮರುವಿಚಾರಣೆಯಲ್ಲಿ ಖುಲಾಸೆಯಾದ. ಕೇಸು ನಡೆಯುವಾಗ ಸಂಬಳ ಕೊಟ್ಟು ಪಂದ್ಯದಿಂದ ದೂರ ಇಡುವುದು ಸರಿ. ಒಪ್ಪಂದ ಹರಿದು ಹಾಕುವುದು ತೀರ್ಪು ಬಂದ ಮೇಲೆ.

ಪ್ರಶ್ನೆ (ಮಂಡ್ಯ ಕಡೆಯ ಕಬಡ್ಡಿ ಕ್ಲಬ್ ಕಾರ್ಯದರ್ಶಿ):
ಮೇಡಂ, ನಮ್ಮದು ದೊಡ್ಡವರ ಕತೆ ಅಲ್ಲ. ನಮ್ಮ ಒಬ್ಬ ರೈಡರ್ ಜಾತ್ರೆ ಗಲಾಟೆಯಲ್ಲಿ ಮಚ್ಚು ಬೀಸಿ ಎರಡು ವರ್ಷ ಜೈಲಲ್ಲಿದ್ದು ಬಂದಿದ್ದಾನೆ. ಈಗ 22. ದೊಡ್ಡ ತಂಡದ ಟ್ರಯಲ್ಸ್‌ಗೆ ಹೋಗಲು ನಮ್ಮ ಪತ್ರ ಬೇಕಂತೆ. ಏಟು ತಿಂದವನೂ ನಮ್ಮೂರ ಹುಡುಗನೇ. ಅವನ ಎಡಗೈಯ ಎರಡು ಬೆರಳು ಇವತ್ತಿಗೂ ಮಡಚಲು ಬರಲ್ಲ. ಏನು ಮಾಡಲಿ?

ಉತ್ತರ:
ಅಣ್ಣ, ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಮೊದಲು ಆ ಏಟು ತಿಂದ ಹುಡುಗನ ಮನೆಗೆ ಹೋಗಿ. ಕ್ಷಮಿಸಿಬಿಡು ಅಂತ ಒತ್ತಾಯ ಮಾಡೋಕೆ ಅಲ್ಲ. ಪಂಚಾಯ್ತಿ ಕೂರಿಸಿ ಕೈ ಕುಲುಕಿಸಬೇಡಿ, ದಯವಿಟ್ಟು. ಹೀಗೊಂದು ಪತ್ರ ಕೊಡುವ ಯೋಚನೆ ಇದೆ, ನಿನಗೆ ಏನಾದರೂ ಭಯ ಇದೆಯಾ ಅಂತ ಕೇಳಿ ಬನ್ನಿ. ಕೋರ್ಟು ಪರಿಹಾರ ಕೊಡಬೇಕು ಅಂದಿದ್ದರೆ ಅದು ಪೂರ್ತಿ ಮುಟ್ಟಿದೆಯಾ ಅಂತಲೂ ಕೇಳಿ.

ಹಿಂದೆ ನನ್ನ ಕಕ್ಷಿದಾರ ಒಬ್ಬ ಕುಸ್ತಿ ಹುಡುಗ ಇದ್ದ. ಇಂಥದ್ದೇ ಕೇಸು. ಹೊರಬಂದ ಮೇಲೆ ಪ್ರತಿ ತಿಂಗಳು ಪ್ಲಾಸ್ಟಿಕ್ ಕವರಿನಲ್ಲಿ ಸ್ವಲ್ಪ ದುಡ್ಡು ಸುತ್ತಿಕೊಂಡು ಏಟು ತಿಂದವನ ತಾಯಿ ಹತ್ತಿರ ಹೋಗುತ್ತಿದ್ದ. ಮೂರು ತಿಂಗಳು ಆಕೆ ಮುಟ್ಟಲಿಲ್ಲ. ನಾಲ್ಕನೇ ಸಲ ಬಾಗಿಲಲ್ಲೇ ನಿಂತು, "ಔಷಧಿ ಅಂಗಡಿಯಲ್ಲಿ ಬಾಕಿ ಐತಿ, ಅಲ್ಲೇ ಕಟ್ಟಿ ಹೋಗು" ಅಂದರಂತೆ. ಅಷ್ಟೇ. ಅವನು ಎರಡು ವರ್ಷ ಆ ಅಂಗಡಿಯಲ್ಲೇ ಕಟ್ಟಿದ. ಅವನ ಬಗ್ಗೆ ಪತ್ರ ಬರೆಯುವಾಗ ನನ್ನ ಕೈ ನಡುಗಲಿಲ್ಲ.

ನಿಮ್ಮ ಪತ್ರದಲ್ಲಿ ನಿಜ ಬರೆಯಿರಿ. ಕೇಸು ಇತ್ತು, ಶಿಕ್ಷೆ ಮುಗಿದಿದೆ, ಇಷ್ಟು ತಿಂಗಳಿಂದ ನಮ್ಮ ಜೊತೆ ಅಭ್ಯಾಸಕ್ಕೆ ಬರುತ್ತಿದ್ದಾನೆ, ನಡತೆ ಹೀಗಿದೆ ಅಂತ. ಹುಡುಗನಿಗೂ ಹೇಳಿ, ಯಾವ ಫಾರಂನಲ್ಲೂ ಕೇಸು ಮುಚ್ಚಿಡಬಾರದು. ನಾಳೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಯೋ ಪೊಲೀಸೋ ಕೆಲಸ ಸಿಕ್ಕರೆ ಪೊಲೀಸ್ ವೆರಿಫಿಕೇಶನ್ ಆಗುತ್ತೆ. ಕೇಸು ಇದ್ದಿದ್ದಕ್ಕಿಂತ, ಮುಚ್ಚಿಟ್ಟಿದ್ದಕ್ಕೇ ಕೆಲಸ ಕಳೆದುಕೊಂಡವರು ಜಾಸ್ತಿ ನನ್ನ ಆಫೀಸಿಗೆ ಬರುತ್ತಾರೆ. ಸದ್ಯಕ್ಕೆ ಅವನನ್ನು ನಾಯಕ ಮಾಡಬೇಡಿ, ಚಿಕ್ಕ ಹುಡುಗರಿಗೆ ಕಲಿಸಲು ಬಿಡಬೇಡಿ. ಆಡಲಿ ಬಿಡಿ.

ಘಟನೆ ನಡೆದಾಗ ಅವನಿಗೆ 18 ತುಂಬಿರದೆ, ಬಾಲನ್ಯಾಯ ಮಂಡಳಿ ಮುಂದೆ ತೀರ್ಮಾನವಾಗಿದ್ದರೆ ಮಾತೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಆ ತಪ್ಪು ಮುಂದೆ ಅವನಿಗೆ ಅನರ್ಹತೆ ಆಗಬಾರದು. ದೊಡ್ಡವರ ಹಾಗೆ ವಿಚಾರಣೆಯಾದ ಘೋರ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ತೀರ್ಪಿನ ನಕಲು ಇದ್ದರೆ ನನಗೆ ಖಾಸಗಿಯಾಗಿ ಕಳಿಸಿ, ನೋಡಿ ಹೇಳುತ್ತೇನೆ.

ಪ್ರತಿಕ್ರಿಯೆ (ದಾವಣಗೆರೆಯ ತಾಯಿ):
ಮೇಡಂ, ಎಲ್ಲ ಮಗಳಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ. "ಆ ಹುಡುಗಿ ಈಗ ಎಲ್ಲಿದ್ದಾಳಮ್ಮ?"

ಉತ್ತರ:
ಅವಳ ಹೆಸರು ನಮಗೆ ಗೊತ್ತಿಲ್ಲ ಅಕ್ಕ, ಗೊತ್ತಾಗಲೂಬಾರದು. ಅಲ್ಲಿನ ಕಾನೂನೂ ನಮ್ಮ ಪೋಕ್ಸೊ ಕಾಯ್ದೆಯೂ ಅದನ್ನು ಕಾಯುತ್ತವೆ. ಲೆಕ್ಕ ಹಾಕಿದರೆ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ಅವಳಿಗೆ 22ರ ಆಸುಪಾಸು. ಮಗಳಿಗೆ ಇಷ್ಟು ಹೇಳಿ ಸಾಕು. ಮತ್ತೆ, ಅವಳ ಜಿಲ್ಲಾ ಕ್ಯಾಂಪ್ ಯಾವಾಗ? ಹುಡುಗಿಯರ ಜೊತೆ ಮಹಿಳಾ ಮ್ಯಾನೇಜರ್ ಬರುತ್ತಾರಾ, ರಾತ್ರಿ ಎಲ್ಲಿ ಉಳಿಸುತ್ತಾರೆ, ಕೋಚ್ ಯಾರು ಅಂತ ಇವತ್ತೇ ಫೋನ್ ಮಾಡಿ ಕೇಳಿ. ಸಂಕೋಚ ಪಡಬೇಡಿ.